ಕುರುಚಲು ಕಾಡಿಗೊಪ್ಪಿದ ತೋಟಾ

ತುಮಕೂರಿನಿಂದ ಉತ್ತರಾಭಿಮುಖವಾಗಿ ಹೊರಟ ಪ್ರವಾಸಿಗೆ ಮೊದಲು ದೇವರಾಯನದುರ್ಗದ ಕಾಡುಬೆಟ್ಟಗಳೂ, ತರುವಾಯ ಕೊರಟಗೆರೆಯ ಸಿದ್ಧರಬೆಟ್ಟವೂ, ಮಧುಗಿರಿಯ ಏಕಶಿಲೆಯೂ, ಕಟ್ಟಕಡೆಗೆ ಆಂಧ್ರದ ಎಲ್ಲೆಯನ್ನು ಮುಟ್ಟಿನಿಂತ ಪಾವಗಡದ ಬಂಡೆಗುಡ್ಡಗಳೂ ಒಂದರ ಬೆನ್ನಿಗೊಂದರಂತೆ ಎದುರಾಗುತ್ತವೆ. ಈ ಬಂಡೆಗಳ ಪೊಟರೆಗಳಲ್ಲಿ ಕರಡಿ ಚಿರತೆಗಳು ವಾಸವಾಗಿರುವುದೂ, ಇಳಿಹೊತ್ತಿನಲ್ಲಿ ಅವು ಊರಂಚಿಗೆ ಇಳಿದುಬರುವುದೂ, ಕಡಲೆಕಾಯಿಯ ಹೊಲಕ್ಕೆ ಹಂದಿಯ ಹಿಂಡು ನುಗ್ಗುವುದೂ ಕ್ಯಾತಗಾನಚೆರ್ಲುವಿನಂತಹ ಗಡಿಯೂರುಗಳ ರೈತರಿಗೆ ಹೊಸ ಸಂಗತಿಗಳಲ್ಲ. ಹುಲಿಯೂ ಪೂರ್ವದಲ್ಲಿ ಈ ಸೀಮೆಗೆ ಅಪರಿಚಿತವಾಗಿರಲಿಲ್ಲ. ಬೆಂಗಳೂರಿನ ಕೆನೆತ್ ಆಂಡರ್ಸನ್ 1954ರಲ್ಲಿ ಪ್ರಕಟಿಸಿದ ತಮ್ಮ ಮೊದಲನೆಯ ಬೇಟೆಗ್ರಂಥದಲ್ಲಿ ದೇವರಾಯನದುರ್ಗದ ಹುಲಿಗೊಂದು ಅಧ್ಯಾಯವನ್ನೇ ಮೀಸಲಿರಿಸಿದ್ದಾರೆ. ಹೊಸದುರ್ಗ ಹೊಳಲ್ಕೆರೆಗಳ ನರಭಕ್ಷಕನ ಕಥೆಯೂ ಅದೇ ಗ್ರಂಥದಲ್ಲುಂಟು. ಪೂರ್ಣಚಂದ್ರ ತೇಜಸ್ವಿಯವರು ಆಂಡರ್ಸನ್ನರ ಅನುಭವಗಳನ್ನು ‘ಕಾಡಿನ ಕಥೆಗಳು’ ಎಂಬ ಮಾಲೆಯಲ್ಲಿ ಕನ್ನಡಕ್ಕೆ ತಂದಂದಿನಿಂದ ಆ ಹುಲಿ ಚಿರತೆಗಳು ನಮ್ಮ ಮನೆಮನೆಯ ಓದುಗರಿಗೂ ಪರಿಚಿತವಾದುವು. ಆದರೆ ಆ ಸಾಹಸಗಳಲ್ಲಿ ಬೇಟೆಗಾರನ ಕೈಯಲ್ಲಿದ್ದ .405 ವಿಂಚೆಸ್ಟರ್ ಎಂಬ ತೋಟಾ ಎಂತಹುದು, ಎಲ್ಲಿಂದ ಬಂದಿತು, ಏನು ಮಾಡಬಲ್ಲುದಾಗಿತ್ತು ಎಂಬುದನ್ನು ಕುರಿತು ಕನ್ನಡದಲ್ಲಿ ವಿವರವಾಗಿ ಬರೆದವರು ವಿರಳ. ಆ ವಿಷಯವನ್ನು ಯಥಾಶಕ್ತಿ ಪರಿಚಯಿಸುವುದೇ ಈ ಲೇಖನದ ಉದ್ದೇಶ.

ನಮ್ಮ ಹಳ್ಳಿಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದುದು ಕೇಪಿನ ಕೋವಿ. ನಳಿಗೆಯ ಬಾಯಿಂದ ಕರಿಮದ್ದನ್ನು ಸುರಿದು, ಚಿಂದಿಯನ್ನೋ ನಾರನ್ನೋ ಗಜದಿಂದ ಗಿಡಿದು, ಚರೆಯನ್ನೋ ಗುಂಡನ್ನೋ ಇಳಿಸಿ, ಹಿಂದೆ ಕೇಪನ್ನು ಸಿಕ್ಕಿಸಿ ಈಡು ಹಾರಿಸಬೇಕು. ಒಂದು ಈಡು ಹಾರಿದ ಮೇಲೆ ಇನ್ನೊಂದಕ್ಕೆ ಅಣಿಯಾಗುವಷ್ಟರಲ್ಲಿ ಗಾಯಗೊಂಡ ಮೃಗವು ಮೈಮೇಲೆ ಬಿದ್ದಿರುತ್ತದೆ. ಮದ್ದು, ಗುಂಡು, ಕೇಪು ಈ ಮೂರನ್ನೂ ಒಂದೇ ಹಿತ್ತಾಳೆಯ ಕೊಳವೆಯಲ್ಲಿ ಅಡಗಿಸಿ ಹಿಂದಿನಿಂದಲೇ ತುಂಬುವಂತೆ ಮಾಡಿದವರು ಹತ್ತೊಂಬತ್ತನೆಯ ಶತಮಾನದ ಶಿಲ್ಪಿಗಳು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆ ಎಂಬ ರಸಾಯನಶಾಸ್ತ್ರಜ್ಞನು ಹೊಗೆಯಿಲ್ಲದ ಮದ್ದನ್ನು ಸಿದ್ಧಪಡಿಸಿದ ಮೇಲೆ ಈ ತೋಟಾದ ಸ್ವರೂಪವೇ ಬದಲಾಯಿತು. ಕರಿಮದ್ದಿನಿಂದ ದೊರೆಯದಿದ್ದ ವೇಗವು ಅಲ್ಪಪ್ರಮಾಣದ ಹೊಸ ಮದ್ದಿನಿಂದಲೇ ದೊರೆಯತೊಡಗಿತು, ಮೊದಲ ಈಡಿನ ಹೊಗೆಯಲ್ಲಿ ಗುರಿಯೇ ಮರೆಯಾಗುವ ಕಷ್ಟವೂ ತಪ್ಪಿತು.

ಅಮೆರಿಕದ ಜಾನ್ ಮೋಸೆಸ್ ಬ್ರೌನಿಂಗ್ ವಿಂಚೆಸ್ಟರ್ ಕಂಪನಿಗಾಗಿ ರೂಪಿಸಿದ 1895ನೆಯ ಮಾದರಿಯ ರೈಫಲ್ ಈ ಹೊಸ ಮದ್ದಿನ ಯುಗದ ಶಿಶು. ಅದಕ್ಕೆ ಮುಂಚಿನ ವಿಂಚೆಸ್ಟರ್ ಸನ್ನೆಕೋವಿಗಳಲ್ಲಿ (ಲಿವರ್ ರೈಫಲ್‌ಗಳಲ್ಲಿ) ತೋಟಾಗಳು ನಳಿಗೆಯ ಕೆಳಗಿನ ಕೊಳವೆಯೊಂದರಲ್ಲಿ ಒಂದರ ಹಿಂದೊಂದು ಮಲಗಿರುತ್ತಿದ್ದುದರಿಂದ, ಚೂಪುಮೂತಿಯ ಗುಂಡನ್ನು ಬಳಸಿದರೆ ಅದು ಮುಂದಿನ ತೋಟಾದ ಕೇಪನ್ನು ಚುಚ್ಚಿ ಸಿಡಿಸುವ ಭಯವಿತ್ತು. ಬ್ರೌನಿಂಗನು ತೋಟಾಗಳನ್ನು ಒಂದರ ಮೇಲೊಂದು ಕೂರುವಂತೆ ಕೆಳಗಡೆ ಪೆಟ್ಟಿಗೆಯೊಂದನ್ನು ಅಳವಡಿಸಿ ಆ ಭಯವನ್ನು ನಿವಾರಿಸಿದನು. ಈ ಯಂತ್ರವು ಸಹಿಸಬಲ್ಲ ತೋಟಾಗಳಲ್ಲಿ ಅತ್ಯಂತ ಬಲಿಷ್ಠವಾದುದಾಗಿ 1904ರಲ್ಲಿ ಹೊರಬಂದುದೇ .405. ಅದರ ಹಿತ್ತಾಳೆಯ ಕೊಳವೆ ಎರಡೂವರೆ ಅಂಗುಲಕ್ಕಿಂತ ತುಸು ಉದ್ದ; ಕೊರಳಿನಲ್ಲಿ ಕುಗ್ಗದೆ ಬಹುಮಟ್ಟಿಗೆ ನೇರವಾದುದು; ಬುಡದಲ್ಲಿ ಯಂತ್ರದ ಕೊಕ್ಕೆಗೆ ಹಿಡಿತ ಸಿಕ್ಕುವಂತೆ ಎದ್ದುನಿಂತ ಅಂಚು. ಗುಂಡಿನ ತೂಕ 300 ಗ್ರೇನು, ಎಂದರೆ ನಮ್ಮ ಹಳೆಯ ಲೆಕ್ಕದಲ್ಲಿ ಒಂದೂವರೆ ತೊಲಕ್ಕೂ ಹೆಚ್ಚು.

ಈ ಭಾರವಾದ ಗುಂಡು ನಳಿಗೆಯಿಂದ ಹೊರಬೀಳುವಾಗ ಅದರ ವೇಗ ಸೆಕೆಂಡಿಗೆ ಸುಮಾರು 2,200 ಅಡಿ, ಶಬ್ದದ ವೇಗಕ್ಕೆ ಹತ್ತಿರಹತ್ತಿರ ಇಮ್ಮಡಿ. ಆಘಾತಶಕ್ತಿ 3,200 ಅಡಿ-ಪೌಂಡಿಗೆ ಮಿಕ್ಕುದು. ಆದರೆ ಈ ಅಂಕಿಗಳನ್ನು ಕಂಡು ಬೆರಗಾಗುವುದಕ್ಕೆ ಮುನ್ನ ಮುಂದಿನದನ್ನೂ ಗಮನಿಸತಕ್ಕದ್ದು. ಗುಂಡು ದಪ್ಪ, ಗಿಡ್ಡ, ಮೊಂಡುಮೂತಿಯದಾದ ಕಾರಣ ಗಾಳಿಯು ಅದನ್ನು ಬಲವಾಗಿ ತಡೆಯುತ್ತದೆ. ಇನ್ನೂರು ಗಜ ಸಾಗುವಷ್ಟರಲ್ಲಿ ಅದರ ಶಕ್ತಿ ಅರ್ಧಕ್ಕೆ ಇಳಿಯುತ್ತದೆ, ನೂರು ಗಜಕ್ಕೆ ಗುರಿ ಹೊಂದಿಸಿದ ಕೋವಿಯ ಗುಂಡು ಇನ್ನೂರರಲ್ಲಿ ಸುಮಾರು ಒಂದು ಗೇಣು ಕೆಳಗೆ ಬೀಳುತ್ತದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಬಯಲಿನಲ್ಲಿ, ಇಂದು ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎನಿಸಿಕೊಂಡು ಕಾಪಾಡಲ್ಪಡುತ್ತಿರುವ ಆ ಬಟ್ಟಬಯಲಿನಲ್ಲಿ, ದೂರದಿಂದಲೇ ಮನುಷ್ಯನನ್ನು ಕಂಡು ಚಿಮ್ಮುವ ಜಿಂಕೆಗೆ ಈ ತೋಟಾ ಎಂದೂ ತಕ್ಕುದಾಗಿರಲಿಲ್ಲ. ಅಲ್ಲಿ ಬೇಕಾದುದು ಹಗುರವಾದ, ನೀಳವಾದ, ಸಮರೇಖೆಯಲ್ಲಿ ದೂರ ಸಾಗುವ ಗುಂಡು.

ಕುರುಚಲು ಕಾಡಿನ ಮಾತೇ ಬೇರೆ. ಲಂಟಾನದ ಪೊದೆ, ಜಾಲಿ, ಬಿದಿರುಮೆಳೆ, ಬಂಡೆಯ ಸಂದು, ಇವುಗಳ ನಡುವೆ ಹುಲಿಯಾಗಲಿ ಕರಡಿಯಾಗಲಿ ಕಾಣಿಸುವುದು ಇಪ್ಪತ್ತು ಮೂವತ್ತು ಗಜದಲ್ಲಿ, ಕಾಣಿಸುವುದೂ ಕ್ಷಣಮಾತ್ರ. ಅಷ್ಟು ಹತ್ತಿರದಲ್ಲಿ ಗಾಳಿಯ ತಡೆಯ ಪ್ರಶ್ನೆಯೇ ಏಳದೆ, ತೋಟಾದ ಪೂರ್ಣಬಲವೂ ಮೃಗದ ಮೇಲೆ ಎರಗುತ್ತದೆ. ಮಿಗಿಲಾಗಿ, ಕೋವಿಯನ್ನು ಹೆಗಲಿನಿಂದ ಕೆಳಗಿಳಿಸದೆ ಸನ್ನೆಯನ್ನು ಮುಂದಕ್ಕೆ ತಳ್ಳಿ ಹಿಂದಕ್ಕೆಳೆದೊಡನೆಯೇ ಖಾಲಿ ಕೊಳವೆ ಹೊರಕ್ಕೆ ಹಾರಿ ಹೊಸ ತೋಟಾ ಒಳಸೇರುವುದರಿಂದ ಎರಡನೆಯ ಈಡಿಗೆ ವಿಳಂಬವಿಲ್ಲ. ಇದಕ್ಕೆ ತೆರಬೇಕಾದ ಬೆಲೆಯೆಂದರೆ ಹೆಗಲಿಗೆ ಬೀಳುವ ಒದೆತ. ಎಂಟು ಪೌಂಡಿನ ಆಸುಪಾಸಿನ ಕೋವಿಯಿಂದ ಇಂತಹ ತೋಟಾ ಹಾರಿಸಿದವರೆಲ್ಲರೂ ಅದರ ಒದೆತವನ್ನು ಹೇಳದೆ ಬಿಟ್ಟಿಲ್ಲ.

ಅಮೆರಿಕದ ಅಧ್ಯಕ್ಷಪದವಿಯಿಂದ ನಿವೃತ್ತರಾದ ಥಿಯೊಡೋರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಕ್ಕೆ ಬೇಟೆಗೆ ಹೋದಾಗ ಈ ತೋಟಾವನ್ನು ಕೊಂಡೊಯ್ದು ಸಿಂಹದ ಬೇಟೆಯಲ್ಲಿ ಅದನ್ನು ಹೊಗಳಿದುದರಿಂದ ಅದಕ್ಕೆ ಲೋಕಪ್ರಸಿದ್ಧಿ ಬಂದಿತು. ಆದರೆ ಖಡ್ಗಮೃಗ, ಕಾಡೆಮ್ಮೆ, ಆನೆಗಳಂತಹ ದಪ್ಪಚರ್ಮದ ಪ್ರಾಣಿಗಳ ಒಡಲನ್ನು ಆಳವಾಗಿ ಹೊಗುವ ಸಾಮರ್ಥ್ಯ ಅದಕ್ಕೆ ಸಾಲದು. ರೂಸ್‌ವೆಲ್ಟರ ಬಳಿಯಲ್ಲಿಯೂ ಅಂತಹ ಮೃಗಗಳಿಗಾಗಿ ಇಂಗ್ಲಿಷ್ ಜೋಡುನಳಿಗೆಯ ದೊಡ್ಡ ಕೋವಿಯೊಂದಿದ್ದಿತು.

ಆಂಡರ್ಸನ್ನರಿಗೆ .405 ತೋಟಾ ಒಪ್ಪಿದುದರ ಕಾರಣವನ್ನು ಅವರ ಬೇಟೆಯ ಕ್ರಮದಲ್ಲಿಯೇ ಕಾಣಬಹುದು. 1910ರಲ್ಲಿ ಹುಟ್ಟಿ 1974ರಲ್ಲಿ ತೀರಿಕೊಂಡ ಅವರು ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ನೌಕರಿಯಲ್ಲಿದ್ದವರು. ಮಹಾರಾಜರ ಅತಿಥಿಗಳಂತೆ ಆನೆಯ ಅಂಬಾರಿಯೂ ನೂರಾರು ಸೋಹುಗಾರರೂ ಅವರಿಗಿರಲಿಲ್ಲ. ಹುಲಿ ಕೆಡವಿದ ದನದ ಬಳಿ ಮರದ ಮೇಲೆ ಅಟ್ಟಣೆ ಕಟ್ಟಿಕೊಂಡೋ, ಹಳ್ಳದ ದಂಡೆಯಲ್ಲಿ ನೆಲದ ಮೇಲೆಯೇ ಅಡಗಿಯೋ ರಾತ್ರಿಯೆಲ್ಲ ಕಾಯುವುದು, ನಳಿಗೆಗೆ ಬಿಗಿದ ಟಾರ್ಚಿನ ಬೆಳಕಿನಲ್ಲಿ ಕಣ್ಣು ಹೊಳೆದಾಗ ಈಡು ಹಾರಿಸುವುದು, ಗಾಯಗೊಂಡು ಓಡಿದ ಮೃಗವನ್ನು ಬೆಳಗಾದ ಮೇಲೆ ರಕ್ತದ ಜಾಡು ಹಿಡಿದು ಪೊದೆಯೊಳಕ್ಕೆ ಹೊಕ್ಕು ಮುಗಿಸಿಬರುವುದು, ಇದು ಅವರ ರೀತಿ. ಈ ಮೂರು ಸಂದರ್ಭಗಳಲ್ಲಿಯೂ ದೂರವು ಅತ್ಯಲ್ಪ, ಸಮಯವು ಅತ್ಯಲ್ಪ, ಎರಡನೆಯ ಈಡಿನ ಅಗತ್ಯವು ಬಹಳ.

ತೋಟಾದ ಯೋಗ್ಯತೆಯನ್ನು ಅಳೆಯುವುದಕ್ಕೆ ತಯಾರಕರ ಪಟ್ಟಿಯ ಅಂಕಿಗಳಿಗಿಂತ ಮುಖ್ಯವಾದ ಮಾನದಂಡವೊಂದುಂಟೆಂದು ನನ್ನ ದೃಢವಾದ ಅಭಿಪ್ರಾಯ: ತಾನು ತಗುಲಿದ ಪ್ರಾಣಿಯನ್ನು ಅದು ನರಳಲು ಬಿಡದಿರುವುದೇ ಆ ಮಾನದಂಡ. ಬೇಟೆಗಾರ ಜಿಮ್ ಕಾರ್ಬೆಟ್ 1907ರಲ್ಲಿ ಕೊಂದ ಚಂಪಾವತದ ಹೆಣ್ಣುಹುಲಿಯ ಬಲಗಡೆಯ ಕೋರೆಹಲ್ಲುಗಳು ಹಳೆಯ ಗುಂಡೇಟಿನಿಂದ ಮುರಿದುಹೋಗಿದ್ದುವು. ತನ್ನ ಸಹಜವಾದ ಬೇಟೆಯನ್ನು ಹಿಡಿಯಲಾರದೆ ಅದು ನೂರಾರು ಮನುಷ್ಯರನ್ನು ತಿಂದಿತು. ಆಂಡರ್ಸನ್ನರೂ ತಮ್ಮ ಬರಹಗಳಲ್ಲಿ ಇದೇ ಕಾರಣವನ್ನು ಮತ್ತೆ ಮತ್ತೆ ಎತ್ತಿಹೇಳುತ್ತಾರೆ. ಹೊಲ ಕಾಯುವವನು ಅಂಜಿಕೆಯಿಂದ ಹಾರಿಸಿದ ಚರೆಯ ಈಡು ಚಿರತೆಯೊಂದರ ಪಂಜವನ್ನು ಊನಗೊಳಿಸಿದರೆ, ಅದರ ಫಲವನ್ನು ಅನುಭವಿಸುವವರು ಮುಂದೆಂದೋ ಬಯಲಿಗೆ ಹೋದ ಹೆಂಗಸೋ ಕುರಿ ಮೇಯಿಸುವ ಹುಡುಗನೋ ಆಗಿರುತ್ತಾರೆ. ಆದಕಾರಣ, ಕೊಲ್ಲಲೇಬೇಕಾದಲ್ಲಿ ಬಲಿಷ್ಠವಾದ ತೋಟಾವೂ ಸಮೀಪದ ಗುರಿಯೂ ದಯೆಗೆ ವಿರುದ್ಧವಾದುವಲ್ಲ.

ವಿಂಚೆಸ್ಟರ್ ಕಂಪನಿಯು 1930ರ ದಶಕದಲ್ಲಿ 1895ನೆಯ ಮಾದರಿಯ ಕೋವಿಯನ್ನೂ, 1950ರ ದಶಕದಲ್ಲಿ .405ರ ತೋಟಾವನ್ನೂ ನಿಲ್ಲಿಸಿತು. 2000ದ ಆಸುಪಾಸಿನಲ್ಲಿ ಅಮೆರಿಕದ ಹಾರ್ನಡಿ ಕಂಪನಿಯು ತೋಟಾವನ್ನು ಮತ್ತೆ ತಯಾರಿಸತೊಡಗಿದರೂ, ನಮ್ಮ ನಾಡಿನಲ್ಲಿ ಅದರ ಸ್ಥಾನವನ್ನು .315 ಎಂಬುದು ಬಹು ಹಿಂದೆಯೇ ಆಕ್ರಮಿಸಿತ್ತು. ಸೈನ್ಯದ ಅಳತೆಯ .303 ತೋಟಾವನ್ನು ಪ್ರಜೆಗಳು ಇಟ್ಟುಕೊಳ್ಳಬಾರದೆಂದು ಬ್ರಿಟಿಷ್ ಸರಕಾರ ಕಟ್ಟುಮಾಡಿದ್ದುದರಿಂದ, ಆಸ್ಟ್ರಿಯಾದ ಮಾನ್ಲಿಕರ್ ತೋಟಾವನ್ನು ಆಧರಿಸಿ ಬಳಕೆಗೆ ಬಂದ ತೋಟಾವಿದು. ಸ್ವಾತಂತ್ರ್ಯಾನಂತರ ಬಂಗಾಳದ ಇಶಾಪುರದ ಸರಕಾರಿ ಕಾರ್ಖಾನೆಯು ಲೀ-ಎನ್‌ಫೀಲ್ಡ್ ಮಾದರಿಯ ಯಂತ್ರದಲ್ಲಿ ಇದಕ್ಕೊಪ್ಪುವ ರೈಫಲ್ಲನ್ನು ತಯಾರಿಸಿತು. ಬೆಳೆರಕ್ಷಣೆಯ ಪರವಾನಗಿ ಪಡೆದವರು ಚುನಾವಣೆ ಬಂದಾಗಲೆಲ್ಲ ಪೊಲೀಸ್ ಠಾಣೆಗೆ ಒಪ್ಪಿಸಿಬರುವ ಕೋವಿಗಳ ಸಾಲಿನಲ್ಲಿ ಕೇಪಿನ ಕೋವಿ, ತೋಟಾ ಕೋವಿಗಳ ನಡುವೆ ಈ ರೈಫಲ್ಲೂ ಇರುವುದುಂಟು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಇಂದು ಹುಲಿ, ಚಿರತೆ, ಕರಡಿಗಳ ಬೇಟೆ ನಿಷಿದ್ಧ. ಮನುಷ್ಯಪ್ರಾಣಕ್ಕೆ ಅಪಾಯಕಾರಿಯಾದ ಮೃಗವನ್ನು ಕೂಡ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅಪ್ಪಣೆಯಿಲ್ಲದೆ, ಮತ್ತು ಅದನ್ನು ಜೀವಸಹಿತ ಹಿಡಿಯುವುದು ಅಸಾಧ್ಯವೆಂದು ಅವರಿಗೆ ಮನವರಿಕೆಯಾಗದೆ, ಕೊಲ್ಲುವಂತಿಲ್ಲ. ಇದು ಸರ್ವಥಾ ಉಚಿತವಾದ ಕಟ್ಟಳೆ. ಈಗ ನಮ್ಮ ಗುಡ್ಡಗಳ ಚಿರತೆ ಊರು ಹೊಕ್ಕರೆ ಅರಣ್ಯ ಇಲಾಖೆಯವರು ಬೋನಿಡುತ್ತಾರೆ, ಇಲ್ಲವೆ ಪಶುವೈದ್ಯರೊಬ್ಬರನ್ನು ಕರೆಸಿ ಅರಿವಳಿಕೆಯ ಸೂಜಿಯನ್ನು ಹಾರಿಸುತ್ತಾರೆ. ಆ ಸೂಜಿಯ ಕೋವಿಗೂ ಹತ್ತಿರದ ಗುರಿಯೇ ಬೇಕು. ಮೃಗದ ತೂಕವನ್ನು ಕಣ್ಣಂದಾಜಿನಲ್ಲಿಯೇ ನಿರ್ಣಯಿಸಿ ಮದ್ದಿನ ಪ್ರಮಾಣವನ್ನು ಗೊತ್ತುಮಾಡಬೇಕು, ಸೂಜಿ ನಾಟಿದ ಮೇಲೂ ಕೆಲವು ನಿಮಿಷಗಳ ಕಾಲ ಎಚ್ಚರವಾಗಿಯೇ ಇರುವ ಪ್ರಾಣಿಯಿಂದ ನೆರೆದ ಜನರನ್ನು ದೂರವಿರಿಸಬೇಕು.