ಸಬ್‌ಟೈಟಲ್‌ಗೆ ಹೆದರದ ಟಾಕೀಸು ಮನೆತನ

1938ರ ಜುಲೈನಲ್ಲಿ ಅಮೆರಿಕ ಸರ್ಕಾರ ಹಾಲಿವುಡ್‌ನ ಎಂಟು ದೊಡ್ಡ ಕಂಪನಿಗಳನ್ನು ಕೋರ್ಟಿಗೆಳೆಯಿತು. ಆಪಾದನೆ ಏಕಸ್ವಾಮ್ಯದ್ದು. ಚಿತ್ರ ತೆಗೆಯುವವರೂ ಅವರೇ, ಹಂಚುವವರೂ ಅವರೇ. ಎಂಟರಲ್ಲಿ ಐದು ಕಂಪನಿಗಳಿಗೆ ದೊಡ್ಡ ಊರುಗಳ ಆಯಕಟ್ಟಿನ ಚಿತ್ರಮಂದಿರಗಳೂ ಸೇರಿದ್ದವು. ಒಂದೋ ಎರಡೋ ಟಾಕೀಸು ಇಟ್ಟುಕೊಂಡವರ ಕೈಗೆ ಹೊಸ ಚಿತ್ರ ಬರುವ ಹೊತ್ತಿಗೆ ಊರಿನ ಬಹುಪಾಲು ಜನ ಅದನ್ನು ನೋಡಿ ಮುಗಿಸಿರುತ್ತಿದ್ದರು. ಒಂದು ಒಳ್ಳೆಯ ಚಿತ್ರ ಬೇಕೆಂದರೆ ಕಂಪನಿ ಅದರ ಜೊತೆ ಕಟ್ಟಿಕೊಡುವ ಇನ್ನಷ್ಟು ಚಿತ್ರಗಳನ್ನು, ಹೇಗಿವೆಯೆಂದು ಕಣ್ಣಿಂದ ನೋಡುವ ಮೊದಲೇ, ಒಪ್ಪಿಕೊಳ್ಳಬೇಕಿತ್ತು.

ಸ್ವಂತ ಟಾಕೀಸು ತೆರೆಯಲು ಅನುಕೂಲದ ಕಾಲ ಅದಾಗಿರಲಿಲ್ಲ. ಆದರೆ ಅದೇ 1938ರಲ್ಲಿ ಮ್ಯಾಕ್ಸ್ ಮತ್ತು ಕರ್ಟ್ ಲೆಮ್ಲಿ ಎಂಬ ಸಹೋದರರು ಲಾಸ್ ಏಂಜಲೀಸಿನ ಹೈಲೆಂಡ್ ಪಾರ್ಕ್ ಬಡಾವಣೆಯಲ್ಲಿ ಒಂದು ಚಿಕ್ಕ ಚಿತ್ರಮಂದಿರ ಹಿಡಿದು ನಡೆಸತೊಡಗಿದರು. ಟೆಲಿವಿಷನ್ ಬಂತು, ವಿಡಿಯೋ ಕ್ಯಾಸೆಟ್ ಬಂತು, ಮಲ್ಟಿಪ್ಲೆಕ್ಸ್ ಬಂತು, ಮನೆಮನೆಗೂ ಸ್ಟ್ರೀಮಿಂಗ್ ಬಂತು, ಸಾಂಕ್ರಾಮಿಕವೂ ಬಂದುಹೋಯಿತು. ಲೆಮ್ಲಿ ಥಿಯೇಟರ್ಸ್ ಎಂಟು ದಶಕ ದಾಟಿ ಈಗಲೂ ಅದೇ ನಗರದಲ್ಲಿ, ಅದೇ ಮನೆತನದ ಕೈಯಲ್ಲಿದೆ. ಹಾಲಿವುಡ್‌ನ ಹೊಸ್ತಿಲಲ್ಲೇ ಕೂತು, ಹಾಲಿವುಡ್ ತೆಗೆಯದ ಚಿತ್ರಗಳನ್ನು ತೋರಿಸುವುದು ಅದರ ಕಸುಬು.

ಬಟ್ಟೆ ಅಂಗಡಿಯಿಂದ ಬಯಾಸ್ಕೋಪಿಗೆ

ಲೆಮ್ಲಿ ಎಂಬ ಹೆಸರು ಚಿತ್ರರಂಗಕ್ಕೆ ಅದಕ್ಕೂ ಮೊದಲೇ ಪರಿಚಿತ. ಈ ಸಹೋದರರ ಹತ್ತಿರದ ಬಂಧು ಕಾರ್ಲ್ ಲೆಮ್ಲಿ ಜರ್ಮನಿಯ ಲಾಪ್‌ಹೈಮ್ ಎಂಬ ಸಣ್ಣ ಊರಿನ ಯಹೂದಿ ಕುಟುಂಬದಲ್ಲಿ 1867ರಲ್ಲಿ ಹುಟ್ಟಿದವರು. ಹದಿಹರೆಯದಲ್ಲೇ, 1884ರಲ್ಲಿ, ಹಡಗು ಹತ್ತಿ ಅಮೆರಿಕಕ್ಕೆ ಬಂದರು. ವಿಸ್ಕಾನ್ಸಿನ್‌ನ ಆಷ್‌ಕಾಷ್ ಪಟ್ಟಣದ ಬಟ್ಟೆ ಅಂಗಡಿಯೊಂದರಲ್ಲಿ ಮ್ಯಾನೇಜರ್ ಆಗಿದ್ದವರು, ಅದನ್ನು ಬಿಟ್ಟು 1906ರಲ್ಲಿ ಶಿಕಾಗೋದಲ್ಲಿ ಐದು ಸೆಂಟ್‌ಗೆ ಚಿತ್ರ ತೋರಿಸುವ ಪುಟ್ಟ ಮಂದಿರ ತೆರೆದಾಗ ಅವರಿಗೆ ನಲವತ್ತರ ಹತ್ತಿರ ವಯಸ್ಸು.

ಆಗ ಕ್ಯಾಮೆರಾ ಮತ್ತು ಪ್ರೊಜೆಕ್ಟರ್‌ಗಳ ಪೇಟೆಂಟ್ ಹಿಡಿದುಕೊಂಡಿದ್ದ ಥಾಮಸ್ ಎಡಿಸನ್ ಅವರ ಬಣ ಇಡೀ ಉದ್ಯಮಕ್ಕೆ ಬೇಲಿ ಹಾಕಿತ್ತು. ಕಪ್ಪ ಕೊಡಲು ಒಪ್ಪದ ಕಾರ್ಲ್ ತಾವೇ ಚಿತ್ರ ತಯಾರಿಸತೊಡಗಿದರು. ಅವರ ಮೇಲೆ ಮೊಕದ್ದಮೆಗಳ ಮೇಲೆ ಮೊಕದ್ದಮೆ ಬಿದ್ದವು. ಬಗ್ಗದೆ ನಿಂತ ಅವರು 1912ರಲ್ಲಿ ಯೂನಿವರ್ಸಲ್ ಕಂಪನಿ ಕಟ್ಟಿದರು. 1915ರ ಮಾರ್ಚ್‌ನಲ್ಲಿ ಲಾಸ್ ಏಂಜಲೀಸ್ ಪಕ್ಕದ ಹೊಲಗಳಲ್ಲಿ ಯೂನಿವರ್ಸಲ್ ಸಿಟಿ ತೆರೆದರು. ಅದೇ ವರ್ಷ ಎಡಿಸನ್ ಬಣದ ಬೇಲಿ ಅಕ್ರಮವೆಂದು ನ್ಯಾಯಾಲಯ ತೀರ್ಪಿತ್ತಿತು. ಭಾರತದಲ್ಲಿ ಮೊತ್ತಮೊದಲು ಪ್ರದರ್ಶನಗೊಂಡ ಮಾತಿನ ಚಿತ್ರಗಳಲ್ಲಿ ಒಂದಾದ ‘ಮೆಲೊಡಿ ಆಫ್ ಲವ್’ ಇದೇ ಯೂನಿವರ್ಸಲ್‌ನದು. 1920ರ ದಶಕದ ಕೊನೆಯಲ್ಲಿ ಕಲ್ಕತ್ತೆಯ ಜನ ಅದನ್ನು ನೋಡಿದರು.

ಯೂನಿವರ್ಸಲ್ ತೆಗೆದ ‘ಆಲ್ ಕ್ವಯೆಟ್ ಆನ್ ದ ವೆಸ್ಟರ್ನ್ ಫ್ರಂಟ್’ ಯುದ್ಧವನ್ನು ಧಿಕ್ಕರಿಸುವ ಚಿತ್ರ. 1930ರಲ್ಲಿ ಅದು ಬರ್ಲಿನ್‌ನಲ್ಲಿ ತೆರೆಕಂಡಾಗ ನಾಜಿಗಳು ಚಿತ್ರಮಂದಿರದೊಳಗೆ ದಾಂಧಲೆ ಎಬ್ಬಿಸಿದರು. ಯುರೋಪಿನ ಯಹೂದಿಗಳಿಗೆ ಏನು ಕಾದಿದೆ ಎಂಬುದು ಕಾರ್ಲ್ ಅವರಿಗೆ ಹೊಳೆದಿತ್ತು. ಸಾಲಕ್ಕೆ ಸಿಕ್ಕಿ 1936ರಲ್ಲಿ ಕಂಪನಿ ಕೈಬಿಟ್ಟರೂ, ಕೊನೆಯ ವರ್ಷಗಳನ್ನು ಅವರು ಜಾಮೀನುಪತ್ರ ಬರೆಯುವುದರಲ್ಲಿ ಕಳೆದರು. ‘ಇವರ ಖರ್ಚುವೆಚ್ಚಕ್ಕೆ ನಾನು ಹೊಣೆ’ ಎಂದು ಯಾರಾದರೂ ಅಮೆರಿಕದಲ್ಲಿ ಬರೆದುಕೊಡದೆ ವೀಸಾ ಸಿಗುತ್ತಿರಲಿಲ್ಲ. ಬಂಧುಗಳಿಗೂ, ಗುರುತೇ ಇಲ್ಲದವರಿಗೂ ಅವರು ಹೀಗೆ ಹೊಣೆ ನಿಂತರು. ಅದರಿಂದ ಜೀವ ಉಳಿಸಿಕೊಂಡ ಕುಟುಂಬಗಳ ಸಂಖ್ಯೆ 300ಕ್ಕೂ ಹೆಚ್ಚು. 1939ರ ಸೆಪ್ಟೆಂಬರ್‌ನಲ್ಲಿ, ಯುದ್ಧ ಶುರುವಾದ ಕೆಲವೇ ವಾರಗಳಲ್ಲಿ ಕಾರ್ಲ್ ತೀರಿಕೊಂಡರು.

ಮ್ಯಾಕ್ಸ್ ಲೆಮ್ಲಿ ಯುರೋಪಿನಲ್ಲಿ ಯೂನಿವರ್ಸಲ್ ಕಚೇರಿಗಳಲ್ಲಿ ದುಡಿದು, ಅಲ್ಲಿನ ಚಿತ್ರಗಳನ್ನೂ ಪ್ರೇಕ್ಷಕರನ್ನೂ ಬಲ್ಲವರಾಗಿದ್ದರು. ಲಾಸ್ ಏಂಜಲೀಸಿಗೆ ಬಂದು ಟಾಕೀಸು ಹಿಡಿದಾಗ ಸ್ಟುಡಿಯೋ ಮನೆತನದ ಕೈಯಲ್ಲಿರಲಿಲ್ಲ. ಸರ್ಕಾರ ಕೋರ್ಟಿಗೆಳೆದ ಎಂಟು ಕಂಪನಿಗಳಲ್ಲಿ ಯೂನಿವರ್ಸಲ್ ಕೂಡ ಒಂದಾಗಿತ್ತು. ಕುಟುಂಬ ಕಟ್ಟಿದ ಕಂಪನಿ ಒಂದು ಕಡೆ, ಕುಟುಂಬ ಹಿಡಿದ ಸಣ್ಣ ಟಾಕೀಸು ಇನ್ನೊಂದು ಕಡೆ.

ಟೆಲಿವಿಷನ್ ಕಲಿಸಿದ ದಾರಿ

ಆ ಮೊಕದ್ದಮೆ ಹತ್ತು ವರ್ಷ ಎಳೆದು, 1948ರಲ್ಲಿ ಸುಪ್ರೀಂ ಕೋರ್ಟ್ ಸ್ಟುಡಿಯೋಗಳ ವಿರುದ್ಧ ತೀರ್ಪು ಕೊಟ್ಟಿತು. ಸ್ಟುಡಿಯೋಗಳು ಚಿತ್ರಮಂದಿರಗಳನ್ನು ಬಿಟ್ಟುಕೊಡಬೇಕಾಯಿತು, ಚಿತ್ರಗಳನ್ನು ಗಂಟು ಕಟ್ಟಿ ಮಾರುವುದೂ ನಿಂತಿತು. ಸ್ವತಂತ್ರ ಪ್ರದರ್ಶಕರಿಗೆ ಉಸಿರಾಡಲು ಜಾಗ ಸಿಕ್ಕಿತು. ಆದರೆ ಅಷ್ಟರಲ್ಲಿ ಟೆಲಿವಿಷನ್ ಬಂದಾಗಿತ್ತು. 1946ರಲ್ಲಿ ಅಮೆರಿಕದಲ್ಲಿ ವಾರಕ್ಕೆ ಸುಮಾರು 9 ಕೋಟಿ ಟಿಕೆಟ್ ಮಾರಾಟವಾಗುತ್ತಿತ್ತು ಎನ್ನುತ್ತಾರೆ. ಹತ್ತು ಹನ್ನೆರಡು ವರ್ಷಗಳಲ್ಲಿ ಅದು ಅರ್ಧಕ್ಕೆ ಇಳಿಯಿತು. ಬಡಾವಣೆಯ ಟಾಕೀಸುಗಳಿಗೇ ಹೆಚ್ಚು ಪೆಟ್ಟು. ಲೆಮ್ಲಿ ಸಹೋದರರು ಆ ವೇಳೆಗೆ ಹೊಂದಿದ್ದ ಮಂದಿರಗಳೂ ಒಂದೊಂದಾಗಿ ಕೈಬಿಟ್ಟು, ಕೊನೆಗೆ ಮ್ಯಾಕ್ಸ್ ಕೈಯಲ್ಲಿ ಉಳಿದದ್ದು ವರ್ಮಾಂಟ್ ಅವೆನ್ಯೂದ ಲಾಸ್ ಫೀಲಿಜ್ ಚಿತ್ರಮಂದಿರ.

ಇಲ್ಲಿ ಮ್ಯಾಕ್ಸ್ ಮಾಡಿದ ನಿರ್ಧಾರವೇ ಮನೆತನದ ಗುರುತಾಯಿತು. ಟೆಲಿವಿಷನ್ ತೋರಿಸಲಾರದ್ದನ್ನು ತಾವು ತೋರಿಸಬೇಕು ಎಂದುಕೊಂಡ ಅವರು ಯುರೋಪಿನ ಚಿತ್ರಗಳಿಗೆ ಪರದೆ ಬಿಟ್ಟುಕೊಟ್ಟರು. ಯುದ್ಧ ಮುಗಿದ ಮೇಲೆ ಇಟಲಿ, ಫ್ರಾನ್ಸ್ ಹಾಗೂ ಸ್ವೀಡನ್ನಿನ ನಿರ್ದೇಶಕರು ಹೊಸ ಬಗೆಯ ಚಿತ್ರ ತೆಗೆಯುತ್ತಿದ್ದ ಕಾಲವದು. ನ್ಯಾಯಾಲಯವೂ ಈ ಚಿತ್ರಗಳ ಬೆನ್ನಿಗೆ ನಿಂತಿತು. ಇಟಲಿಯ ನಿರ್ದೇಶಕ ರೊಸೆಲಿನಿ ಅವರ ‘ದ ಮಿರಾಕಲ್’ ಚಿತ್ರವನ್ನು ನ್ಯೂಯಾರ್ಕ್ ನಿಷೇಧಿಸಿದ್ದ ಪ್ರಕರಣದಲ್ಲಿ 1952ರಲ್ಲಿ ಸುಪ್ರೀಂ ಕೋರ್ಟ್, ಪತ್ರಿಕೆ ಪುಸ್ತಕಗಳಂತೆ ಸಿನಿಮಾಕ್ಕೂ ಅಭಿವ್ಯಕ್ತಿ ಸ್ವಾತಂತ್ರ್ಯದ ರಕ್ಷಣೆ ಇದೆಯೆಂದು ಸಾರಿತು.

ಬೇರೆ ಭಾಷೆಯ ಚಿತ್ರವನ್ನು ಕೆಳಗೆ ಓಡುವ ಅಕ್ಷರ ಓದುತ್ತಾ ನೋಡುವ ಪ್ರೇಕ್ಷಕರು ತಾವಾಗಿ ಹುಟ್ಟುವುದಿಲ್ಲ. ಅವರನ್ನು ವಾರ ವಾರವೂ ಬೆಳೆಸಬೇಕು. ಈ ವಾರದ ಚಿತ್ರ ಮನಸ್ಸಿಗೆ ಹಿಡಿಸಿದರೆ ಮುಂದಿನ ವಾರ ಹೆಸರೇ ಕೇಳದ ಚಿತ್ರಕ್ಕೂ ಅವರು ಬರುತ್ತಾರೆ, ಮಂದಿರದವರು ಆರಿಸಿದ್ದಾರಲ್ಲ ಎಂಬ ಒಂದೇ ನಂಬಿಕೆಯಿಂದ. ‘ಸಬ್‌ಟೈಟಲ್‌ಗೆ ಹೆದರುವವರಲ್ಲ’ ಎಂಬ ಅರ್ಥದ ಮಾತನ್ನು ಲೆಮ್ಲಿ ಥಿಯೇಟರ್ಸ್ ಮುಂದೆ ತನ್ನ ಘೋಷಣೆಯನ್ನಾಗಿ ಮಾಡಿಕೊಂಡಿತು.

ಚಿಕ್ಕ ಪರದೆಗಳ ದೊಡ್ಡ ಲೆಕ್ಕ

ಮ್ಯಾಕ್ಸ್ ಅವರ ಮಗ ರಾಬರ್ಟ್ 1960ರ ದಶಕದಲ್ಲಿ ವ್ಯವಹಾರಕ್ಕೆ ಇಳಿದರು. ತಂದೆ ಉಳಿಸಿಕೊಂಡದ್ದನ್ನು ಮಗ ಹಬ್ಬಿಸಿದರು. ಪಶ್ಚಿಮ ಲಾಸ್ ಏಂಜಲೀಸಿನ ರಾಯಲ್, ಬೆವರ್ಲಿ ಹಿಲ್ಸ್‌ನ ಮ್ಯೂಸಿಕ್ ಹಾಲ್, ಸಾಂಟಾ ಮೋನಿಕಾದ ನಾಲ್ಕು ಪರದೆಗಳ ಮಂದಿರ, 1992ರಲ್ಲಿ ವೆಸ್ಟ್ ಹಾಲಿವುಡ್‌ನ ಸನ್‌ಸೆಟ್ 5, 1999ರಲ್ಲಿ ಪಸಡೀನಾದ ಪ್ಲೇಹೌಸ್ 7 ಹೀಗೆ ಮಹಾನಗರದ ಉದ್ದಗಲಕ್ಕೂ ಲೆಮ್ಲಿ ಹೆಸರಿನ ಫಲಕಗಳು ಎದ್ದವು.

ಚಿಕ್ಕ ಸಭಾಂಗಣಗಳ ಈ ಮಂದಿರಗಳ ಹಿಂದೆ ಒಂದು ಜಾಣ ಲೆಕ್ಕವಿದೆ. ದೊಡ್ಡ ಸ್ಟುಡಿಯೋದ ಚಿತ್ರಕ್ಕೆ ಪ್ರಚಾರವೇ ಜನರನ್ನು ಎಳೆದುತರುತ್ತದೆ. ಮೊದಲ ಮೂರು ದಿನದಲ್ಲೇ ಅದರ ದುಡಿಮೆಯ ದೊಡ್ಡದೊಂದು ಭಾಗ ಬಂದುಬಿಡುತ್ತದೆ. ಇರಾನಿನದೋ ಜಪಾನಿನದೋ ಚಿತ್ರಕ್ಕೆ ಅಂಥ ಪ್ರಚಾರವಿಲ್ಲ. ನೋಡಿದವರು ಗೆಳೆಯರಿಗೆ ಹೇಳಬೇಕು, ಗೆಳೆಯರು ಬಿಡುವು ಮಾಡಿಕೊಂಡು ಬರಬೇಕು. ಅದಕ್ಕೆ ವಾರಗಳು ಹಿಡಿಯುತ್ತವೆ. ಒಂದೇ ದೊಡ್ಡ ಪರದೆಯ ಮಂದಿರದಲ್ಲಿ ಅರ್ಧ ಖಾಲಿ ಕುರ್ಚಿಗಳ ನಡುವೆ ಚಿತ್ರವನ್ನು ಅಷ್ಟು ದಿನ ಓಡಿಸಲಾಗದು. ಐದೋ ಏಳೋ ಪರದೆಗಳಿದ್ದರೆ ಮೊದಲ ವಾರ ದೊಡ್ಡದರಲ್ಲಿ, ಎರಡನೆಯ ವಾರ ಮಧ್ಯಮದ್ದರಲ್ಲಿ, ಆಮೇಲೆ ಪುಟ್ಟದರಲ್ಲಿ, ದಿನಕ್ಕೆ ಒಂದೇ ಆಟವಾದರೂ ಸರಿ, ಚಿತ್ರವನ್ನು ಉಳಿಸಿಕೊಳ್ಳಬಹುದು. ಬಿತ್ತಿದ ಕಾಳು ಮೊಳೆಯುವಷ್ಟು ದಿನ ಕಾಯುವ ರೈತನ ತಾಳ್ಮೆ ಈ ಕಸುಬಿಗೆ ಬೇಕು.

ಆಸ್ಕರ್ ಪ್ರಶಸ್ತಿಗೂ ಈ ಮಂದಿರಗಳಿಗೂ ಒಂದು ನಂಟಿದೆ. ಮುಖ್ಯ ವಿಭಾಗಗಳಲ್ಲಿ ಸ್ಪರ್ಧಿಸುವ ಚಿತ್ರ ಲಾಸ್ ಏಂಜಲೀಸ್ ಕೌಂಟಿಯ ಚಿತ್ರಮಂದಿರದಲ್ಲಿ, ಟಿಕೆಟ್ ಮಾರಿ, ಸತತ ಏಳು ದಿನ ಓಡಿರಬೇಕು ಎಂಬುದು ದೀರ್ಘಕಾಲದ ನಿಯಮವಾಗಿತ್ತು. ಈಚೆಗೆ ಬೇರೆ ಕೆಲವು ನಗರಗಳನ್ನೂ ಸೇರಿಸಿದ್ದಾರೆ. ವಿತರಕರೇ ಇಲ್ಲದ ಚಿತ್ರಕ್ಕೆ ಆ ಏಳು ದಿನ ಎಲ್ಲಿ ಸಿಗಬೇಕು? ಎಷ್ಟೋ ಸ್ವತಂತ್ರ ನಿರ್ಮಾಪಕರು ಲೆಮ್ಲಿ ಪರದೆಗೆ ವಾರದ ಬಾಡಿಗೆ ಕಟ್ಟಿ ಈ ಹೊಸ್ತಿಲು ದಾಟಿದ್ದಾರೆ. ಬಾಡಿಗೆ ಪದ್ಧತಿಯೋ ಶೇಕಡಾವಾರು ಪದ್ಧತಿಯೋ ಎಂಬ ಗಾಂಧಿನಗರದ ಹಳೆಯ ಚರ್ಚೆ ಬಲ್ಲ ಕನ್ನಡಿಗರಿಗೆ ಇದರ ಭಾರ ಬೇಗ ಅರ್ಥವಾಗುತ್ತದೆ. ಬಾಡಿಗೆಯಲ್ಲಿ ಮಂದಿರಕ್ಕೆ ನಷ್ಟದ ಭಯವಿಲ್ಲ, ನಿರ್ಮಾಪಕನಿಗೆ ಪರದೆ ಖಚಿತ, ಆದರೆ ಜನ ಬಾರದಿದ್ದರೆ ಹೊರೆಯೆಲ್ಲ ಅವನದೇ.

ಮಾರಬೇಕೇ, ಉಳಿಯಬೇಕೇ

ಮೂರನೇ ತಲೆಮಾರಿನ ಗ್ರೆಗ್ ಲೆಮ್ಲಿ ತಂದೆಯ ಜೊತೆ ನಿಂತು ಹೊಣೆ ಹೊತ್ತಾಗ ಕಷ್ಟಗಳು ಬೇರೆ ರೂಪದಲ್ಲಿ ಬಂದವು. 2010ರ ದಶಕದಲ್ಲಿ ಸ್ಟುಡಿಯೋಗಳು ರೀಲು ಕಳಿಸುವುದನ್ನು ನಿಲ್ಲಿಸಿ ಡಿಜಿಟಲ್‌ಗೆ ಹೊರಳಿದವು. ಒಂದೊಂದು ಪರದೆಗೂ ಹತ್ತಾರು ಸಾವಿರ ಡಾಲರಿನ ಹೊಸ ಪ್ರೊಜೆಕ್ಟರ್ ಬೇಕಾಯಿತು. 2011ರಲ್ಲಿ ಸನ್‌ಸೆಟ್ 5 ಕೈಬಿಟ್ಟಿತು. ಅದೇ ವರ್ಷ ನಾರ್ತ್ ಹಾಲಿವುಡ್‌ನಲ್ಲಿ ನೋಹೋ 7 ತೆರೆಯಿತು. ಹೀಗೆ ಒಂದು ಮುಚ್ಚಿದಾಗ ಮತ್ತೊಂದನ್ನು ತೆರೆಯುತ್ತಲೇ ಮನೆತನ ನಡೆಯಿತು. ಹಳೆಯ ಶ್ರೇಷ್ಠ ಚಿತ್ರಗಳ ವಾರ್ಷಿಕೋತ್ಸವ ಪ್ರದರ್ಶನ, ಒಪೆರಾ ಮತ್ತು ಚಿತ್ರಕಲೆಯ ಸಾಕ್ಷ್ಯಚಿತ್ರಗಳ ಮಾಲಿಕೆ, ಆಟ ಮುಗಿದ ಮೇಲೆ ನಿರ್ದೇಶಕರೊಡನೆ ಮಾತುಕತೆ, ಇವೆಲ್ಲ ಪ್ರೇಕ್ಷಕರನ್ನು ಹಿಡಿದಿಡುವ ಹೊಸ ದಾರಿಗಳಾದವು.

ಆದರೂ ಸ್ಟ್ರೀಮಿಂಗ್ ಬಂದ ಮೇಲೆ ಲೆಕ್ಕ ಕೂಡುವುದು ಕಷ್ಟವಾಯಿತು. ಪಾಪ್‌ಕಾರ್ನ್ ಮತ್ತು ತಂಪುಪಾನೀಯದ ಕೌಂಟರ್ ಎಲ್ಲ ಮಂದಿರಗಳಿಗೂ ಜೀವಾಳ. ಟಿಕೆಟ್ಟಿನ ಹಣದಲ್ಲಿ ದೊಡ್ಡ ಪಾಲು ವಿತರಕರಿಗೆ ಹೋಗುತ್ತದೆ, ಕೌಂಟರಿನದು ಮಂದಿರಕ್ಕೇ ಉಳಿಯುತ್ತದೆ. ಸೀಟುಗಳು ಖಾಲಿಯಾದರೆ ಎರಡೂ ಬತ್ತುತ್ತವೆ. 2019ರಲ್ಲಿ ಕುಟುಂಬ ಸಂಸ್ಥೆಯನ್ನೇ ಮಾರುವ ಯೋಚನೆಗೆ ಬಂತು. ಸುದ್ದಿ ಕೇಳಿ ನಗರದ ಚಿತ್ರಪ್ರೇಮಿಗಳು ತಳಮಳಗೊಂಡರು. ವರ್ಷದ ಕೊನೆಗೆ, ಮಾರುವುದಿಲ್ಲ, ನಾವೇ ನಡೆಸುತ್ತೇವೆ ಎಂಬ ತೀರ್ಮಾನ ಹೊರಬಿತ್ತು.

ಕೆಲವೇ ತಿಂಗಳಲ್ಲಿ, 2020ರ ಮಾರ್ಚ್‌ನಲ್ಲಿ, ಸಾಂಕ್ರಾಮಿಕದಿಂದಾಗಿ ಎಲ್ಲ ಮಂದಿರಗಳೂ ಮುಚ್ಚಿದವು. ವರ್ಷಕ್ಕೂ ಹೆಚ್ಚು ಕಾಲ ಮಂದಿರಗಳಲ್ಲಿ ಪ್ರೇಕ್ಷಕರಿಲ್ಲದೆ ಬಾಡಿಗೆ, ತೆರಿಗೆ, ಸಾಲದ ಕಂತು ಹೊರಬೇಕಾಯಿತು. ಮುಚ್ಚಿದ ಬಾಗಿಲುಗಳ ಹಿಂದೆ ಕುಟುಂಬ ಲೆಕ್ಕ ಹಾಕುತ್ತಿದ್ದ ಅದೇ ವರ್ಷದ ಆಗಸ್ಟ್‌ನಲ್ಲಿ ನ್ಯಾಯಾಲಯವೊಂದು 1948ರ ತೀರ್ಪಿನಿಂದ ಹುಟ್ಟಿದ ನಿರ್ಬಂಧಗಳನ್ನು ತೆಗೆದುಹಾಕಿತು. ಸ್ಟುಡಿಯೋಗಳು ಮತ್ತೆ ಚಿತ್ರಮಂದಿರಗಳ ಒಡೆಯರಾಗಲು ಹಾದಿ ತೆರೆಯಿತು. ಸಣ್ಣ ಪ್ರದರ್ಶಕರನ್ನು ಏಳು ದಶಕ ಕಾಯ್ದ ಗೋಡೆ, ಅವರು ತೀರ ಬಳಲಿದ್ದಾಗ ಬಿತ್ತು.

ಲೆಮ್ಲಿ ಉಳಿದದ್ದು ಸಿನಿಮಾ ಪ್ರೀತಿಯೊಂದರಿಂದಲೇ ಅಲ್ಲ. ಕೆಲವು ಮಂದಿರಗಳ ನೆಲವನ್ನೂ ಕುಟುಂಬ ಹಿಂದೆಯೇ ಕೊಂಡಿಟ್ಟಿತ್ತು. ಆಸ್ತಿಯ ಒಂದು ಭಾಗ ಮಾರಿ, ಪಸಡೀನಾದ ಪ್ಲೇಹೌಸ್ 7ನಂಥ ಹೆಮ್ಮೆಯ ಮಂದಿರವನ್ನೂ ಬಿಟ್ಟುಕೊಟ್ಟು, ಉಳಿದವನ್ನು 2021ರಲ್ಲಿ ಮತ್ತೆ ತೆರೆದರು. ಈ ಏಳುಬೀಳಿನ ದಿನಗಳನ್ನು ರಫೇಲ್ ಸ್ಬಾರ್ಜ್ ‘ಓನ್ಲಿ ಇನ್ ಥಿಯೇಟರ್ಸ್’ ಎಂಬ ಸಾಕ್ಷ್ಯಚಿತ್ರವಾಗಿ ತೆಗೆದಿದ್ದಾರೆ. ಅದು 2022ರಲ್ಲಿ ಬಿಡುಗಡೆಯಾಯಿತು. 2025ರ ಜನವರಿಯಲ್ಲಿ ರಾಬರ್ಟ್ ಲೆಮ್ಲಿ ತೀರಿಕೊಂಡರು.

ಮನೆತನದ ಕೈಯಲ್ಲಿರುವ ಟಾಕೀಸಿಗೆ ದೊಡ್ಡ ಕಂಪನಿಗಿಲ್ಲದ ಒಂದು ಬಲವಿದೆ. ಷೇರುದಾರರಿಗೆ ಮೂರು ತಿಂಗಳಿಗೊಮ್ಮೆ ಉತ್ತರ ಕೊಡಬೇಕಿಲ್ಲ. ಒಂದು ಚಿತ್ರದ ನಷ್ಟವನ್ನು ಇನ್ನೊಂದರ ಲಾಭದಿಂದ ತುಂಬಿಕೊಂಡು, ಒಳ್ಳೆಯದೆನಿಸಿದ್ದನ್ನು ತೋರಿಸುವ ಸ್ವಾತಂತ್ರ್ಯವಿದೆ. ಅದರ ದೌರ್ಬಲ್ಯವೂ ಅಲ್ಲೇ ಇದೆ. ದಣಿಯುವವರು ಮನುಷ್ಯರು, ಸಾಲಕ್ಕೆ ಸಹಿ ಹಾಕುವವರೂ ಅವರೇ. ಆ ದಣಿವನ್ನು ಹಂಚಿಕೊಳ್ಳಬಲ್ಲವರು ಪ್ರೇಕ್ಷಕರು ಮಾತ್ರ. ಒಂದು ಸಣ್ಣ ಚಿತ್ರ ಎರಡನೆಯ ವಾರ ಪರದೆಯ ಮೇಲೆ ಇರಬೇಕೋ ಬೇಡವೋ ಎಂಬುದು ಮೊದಲ ವಾರಾಂತ್ಯದ ಗಲ್ಲಾಪೆಟ್ಟಿಗೆ ಎಣಿಸಿದ ಮೇಲೆ, ಸೋಮವಾರ ತೀರ್ಮಾನವಾಗುತ್ತದೆ. ಲಾಸ್ ಏಂಜಲೀಸಿನಲ್ಲಿ ಹೇಗೋ ನಮ್ಮ ಊರುಗಳಲ್ಲೂ ಹಾಗೆಯೇ. ಒಳ್ಳೆಯ ಚಿತ್ರ ಬಂದಿದೆ ಎಂದು ಕೇಳಿದರೆ ಮುಂದಿನ ವಾರಕ್ಕೆ ತಳ್ಳದೆ ಈ ಶನಿವಾರವೇ ಹೋಗಿ ಟಿಕೆಟ್ ತೆಗೆದುಕೊಳ್ಳಿ. ಚಿತ್ರವನ್ನೂ ಮಂದಿರವನ್ನೂ ಒಟ್ಟಿಗೆ ಉಳಿಸುವ ಕೆಲಸ ಅದು.