‘ಶೇ. 95 ದುಡ್ಡು ನಿಮಗೇ’: ಹೊಸ ಗೇಮ್ ಸ್ಟ್ರೀಮಿಂಗ್ ಆ್ಯಪ್ ಹಳೆಯದನ್ನು ಸೋಲಿಸಬಲ್ಲದೇ?

“ಹೊಸ ಆ್ಯಪ್ ಬಂದಿದೆ. ಗೇಮ್ ಆಡುತ್ತಾ ಲೈವ್ ಹೋದರೆ ಗಳಿಕೆಯ ಶೇ. 95 ನಿಮಗೇ. ಹಳೆಯ ಆ್ಯಪ್‌ಗಳ ಕಥೆ ಮುಗಿಯಿತು, ಬೇಗ ಸೇರಿಕೊಳ್ಳಿ!” ಗೇಮಿಂಗ್ ಗ್ರೂಪ್‌ಗಳಲ್ಲಿ ಇರುವವರಿಗೆ ಈ ಧಾಟಿಯ ಫಾರ್ವರ್ಡ್‌ಗಳು ಹೊಸದಲ್ಲ. ಇದರಲ್ಲಿ ಎಷ್ಟು ನಿಜ, ಎಷ್ಟು ಬರೀ ಪ್ರಚಾರ? ಹೊಸ ವೇದಿಕೆಯೊಂದು ಬೇರು ಬಿಟ್ಟ ಹಳೆಯ ವೇದಿಕೆಯನ್ನು ನಿಜಕ್ಕೂ ಸೋಲಿಸಬಲ್ಲದೇ? ಈಗಾಗಲೇ ನಡೆದಿರುವ ಉದಾಹರಣೆಗಳನ್ನು ಇಟ್ಟುಕೊಂಡು ನೋಡೋಣ.

ಗೇಮ್ ಸ್ಟ್ರೀಮಿಂಗ್ ಎಂದರೇನು?

ಒಬ್ಬರು ಗೇಮ್ ಆಡುತ್ತಾ ತಮ್ಮ ಪರದೆಯನ್ನು ಲೈವ್ ಆಗಿ ತೋರಿಸುತ್ತಾರೆ. ಉಳಿದವರು ನೋಡುತ್ತಾ ಚಾಟ್‌ನಲ್ಲಿ ಮಾತಾಡುತ್ತಾರೆ. ಇಷ್ಟವಾದವರು ತಿಂಗಳ ಚಂದಾ ಕಟ್ಟಿ ಬೆಂಬಲಿಸುತ್ತಾರೆ. ಈ ಕ್ಷೇತ್ರದ ದೊಡ್ಡ ಹೆಸರು ಅಮೆರಿಕದ ಟ್ವಿಚ್. 2011ರಲ್ಲಿ ಶುರುವಾದ ಇದನ್ನು 2014ರಲ್ಲಿ ಅಮೆಜಾನ್ ಸುಮಾರು 97 ಕೋಟಿ ಡಾಲರ್‌ಗೆ ಕೊಂಡಿತು.

ಮೈಕ್ರೋಸಾಫ್ಟ್ ಕೂಡ ಸೋತ ಕಥೆ

‘ದುಡ್ಡಿದ್ದರೆ ಯಾರನ್ನು ಬೇಕಾದರೂ ಸೋಲಿಸಬಹುದು’ ಎಂಬ ಮಾತಿಗೆ ಮಿಕ್ಸರ್ ಒಳ್ಳೆಯ ಉತ್ತರ. ಬೀಮ್ ಎಂಬ ಪುಟ್ಟ ಸ್ಟ್ರೀಮಿಂಗ್ ಸೇವೆಯನ್ನು ಮೈಕ್ರೋಸಾಫ್ಟ್ 2016ರಲ್ಲಿ ಕೊಂಡು, ಮರುವರ್ಷ ಮಿಕ್ಸರ್ ಎಂದು ಹೆಸರು ಬದಲಿಸಿತು. ಅದರ ತಂತ್ರಜ್ಞಾನ ಚೆನ್ನಾಗಿಯೇ ಇತ್ತು. ಆಟಗಾರ ಮಾಡಿದ್ದು ನೋಡುಗರಿಗೆ ಒಂದು ಸೆಕೆಂಡಿಗಿಂತ ಕಡಿಮೆ ಅಂತರದಲ್ಲಿ ಕಾಣುವಂಥ ವ್ಯವಸ್ಥೆ ಅಲ್ಲಿತ್ತು. ಎಕ್ಸ್‌ಬಾಕ್ಸ್ ಗೇಮ್ ಯಂತ್ರಗಳ ಬಲವೂ ಬೆನ್ನಿಗಿತ್ತು.

2019ರ ಆಗಸ್ಟ್‌ನಲ್ಲಿ ಟ್ವಿಚ್‌ನ ಅತಿ ದೊಡ್ಡ ತಾರೆ ನಿಂಜಾ ಎಂಬ ಟೈಲರ್ ಬ್ಲೆವಿನ್ಸ್ ಅವರನ್ನೇ ಮಿಕ್ಸರ್ ಕರೆತಂದಿತು. ಟ್ವಿಚ್‌ನಲ್ಲಿ ಅವರಿಗೆ 1.4 ಕೋಟಿಗೂ ಹೆಚ್ಚು ಫಾಲೋವರ್‌ಗಳಿದ್ದರು. ಅಕ್ಟೋಬರ್‌ನಲ್ಲಿ ಶ್ರೌಡ್ ಎಂಬ ಇನ್ನೊಬ್ಬ ಜನಪ್ರಿಯ ಆಟಗಾರ ಬಂದರು. ಆಗಲೂ ‘ಟ್ವಿಚ್ ಕಥೆ ಮುಗಿಯಿತು’ ಎಂಬ ಮಾತುಗಳು ಜೋರಾಗಿಯೇ ಕೇಳಿಬಂದಿದ್ದವು.

ಆದದ್ದೇ ಬೇರೆ. 2020ರಲ್ಲಿ ಲಾಕ್‌ಡೌನ್‌ನಿಂದ ಜನ ಮನೆಯಲ್ಲೇ ಕೂತಾಗ ಟ್ವಿಚ್‌ನ ವೀಕ್ಷಣೆ ಹಿಂದಿನ ವರ್ಷದ ದುಪ್ಪಟ್ಟಾಯಿತು. ಮಿಕ್ಸರ್‌ನದು ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಆ ವರ್ಷ ಜುಲೈ 22ಕ್ಕೆ ಮಿಕ್ಸರ್ ಮುಚ್ಚಿತು. ನಿಂಜಾ, ಶ್ರೌಡ್ ಇಬ್ಬರೂ ಕೆಲವೇ ವಾರಗಳಲ್ಲಿ ಟ್ವಿಚ್‌ಗೆ ಮರಳಿದರು. ಅವರನ್ನು ನೋಡಿ ಮಿಕ್ಸರ್‌ಗೆ ಬಂದಿದ್ದ ಸಣ್ಣ ಸ್ಟ್ರೀಮರ್‌ಗಳು ಮಾತ್ರ ಬೇರೆ ಕಡೆ ಮೊದಲಿನಿಂದ ಶುರು ಮಾಡಬೇಕಾಯಿತು.

ಯಾಕೆ ಹೀಗಾಗುತ್ತದೆ?

ನಮ್ಮೂರಿನ ವಾರದ ಸಂತೆಯನ್ನು ನೆನಪಿಸಿಕೊಳ್ಳಿ. ಜನ ಬರುತ್ತಾರೆಂದು ವ್ಯಾಪಾರಿಗಳು ಬರುತ್ತಾರೆ. ವ್ಯಾಪಾರಿಗಳು ಇದ್ದಾರೆಂದು ಜನ ಬರುತ್ತಾರೆ. ಪಕ್ಕದೂರಿನಲ್ಲಿ ಕಾಂಕ್ರೀಟ್ ಕಟ್ಟೆ, ನೆರಳು, ನೀರು ಎಲ್ಲವನ್ನೂ ಮಾಡಿ ಹೊಸ ಸಂತೆ ಶುರು ಮಾಡಿದರೂ ಮೊದಲ ವಾರ ಯಾರು ಹೋಗಬೇಕು? ಇದನ್ನು ನೆಟ್‌ವರ್ಕ್ ಪರಿಣಾಮ ಎನ್ನುತ್ತಾರೆ.

ಲೈವ್ ಸ್ಟ್ರೀಮಿಂಗ್‌ನಲ್ಲಿ ಈ ಕಷ್ಟ ಇನ್ನೂ ಹೆಚ್ಚು. ರೆಕಾರ್ಡ್ ಆದ ವಿಡಿಯೊವನ್ನು ಯಾವಾಗ ಬೇಕಾದರೂ ನೋಡಬಹುದು. ಲೈವ್‌ಗೆ ಎಲ್ಲರೂ ಒಂದೇ ಹೊತ್ತಿಗೆ ಸೇರಬೇಕು. ಚಾಟ್‌ನಲ್ಲಿ ಪರಿಚಯದವರಿಲ್ಲದಿದ್ದರೆ ಅರ್ಧ ಮಜಾ ಅಲ್ಲೇ ಹೋಯಿತು. ದೊಡ್ಡ ಸ್ಟ್ರೀಮರ್ ಒಬ್ಬರನ್ನು ದುಡ್ಡು ಕೊಟ್ಟು ಕರೆತರಬಹುದು. ಅವರ ಚಾಟ್‌ನಲ್ಲಿ ವರ್ಷಗಳಿಂದ ಒಟ್ಟಿಗಿರುವ ಗೆಳೆಯರನ್ನು ಹಾಗೆ ಕೊಳ್ಳಲಾಗದು.

ಖರ್ಚಿನ ಲೆಕ್ಕವೂ ಇದೆ. ಪೂರ್ಣ ಎಚ್‌ಡಿ ಲೈವ್‌ಗೆ ಸೆಕೆಂಡಿಗೆ ಸುಮಾರು 6 ಮೆಗಾಬಿಟ್ ಎಂದುಕೊಳ್ಳಿ. ಒಬ್ಬರು ಒಂದು ಗಂಟೆ ನೋಡಿದರೆ 2.7 ಜಿಬಿ ಡೇಟಾ. ಸಾವಿರ ಜನ ನೋಡಿದರೆ 2,700 ಜಿಬಿ. ಇದನ್ನು ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಕಳಿಸುವ ಖರ್ಚು ವೇದಿಕೆಯದು. ನೋಡುಗರು ಹೆಚ್ಚಿದಷ್ಟೂ ಬಿಲ್ ಬೆಳೆಯುತ್ತದೆ. ಜಾಹೀರಾತಿನ ಆದಾಯ ಅದೇ ವೇಗದಲ್ಲಿ ಬೆಳೆಯುತ್ತದೆ ಎಂಬ ಖಾತ್ರಿಯಿಲ್ಲ.

ಹಾಗಾದರೆ ಹೊಸಬರು ಗೆಲ್ಲುವುದೇ ಇಲ್ಲವೇ?

ಗೆದ್ದದ್ದೂ ಇದೆ. ದಕ್ಷಿಣ ಕೊರಿಯಾದಲ್ಲಿ ನೆಟ್‌ವರ್ಕ್ ಶುಲ್ಕ ಬೇರೆ ಬಹುತೇಕ ದೇಶಗಳಿಗಿಂತ 10 ಪಟ್ಟು ಹೆಚ್ಚು ಎಂದು ಹೇಳಿ ಟ್ವಿಚ್ 2024ರ ಫೆಬ್ರುವರಿ 27ರಂದು ಅಲ್ಲಿಂದ ಹೊರಬಂತು. ಅದಕ್ಕೂ ಮೊದಲೇ ಖರ್ಚು ಉಳಿಸಲು ವಿಡಿಯೊ ಗುಣಮಟ್ಟವನ್ನು 720ಪಿಗೆ ಇಳಿಸಿತ್ತು. ಅದು ಹೊರಡುವ ಹೊತ್ತಿಗೆ ಸರಿಯಾಗಿ ಕೊರಿಯಾದ ನೇವರ್ ಸಂಸ್ಥೆ ‘ಚಿಜಿಜಿಕ್’ ಎಂಬ ಹೊಸ ವೇದಿಕೆ ತಂದಿತು. ಟ್ವಿಚ್‌ನ ಹಲವು ಸ್ಟ್ರೀಮರ್‌ಗಳು, ಅವರ ಹಿಂದೆಯೇ ಅಭಿಮಾನಿಗಳು ಅಲ್ಲಿಗೆ ಹೋದರು.

ವ್ಯತ್ಯಾಸ ಗಮನಿಸಿ. ಮಿಕ್ಸರ್ ನಡೆಯುತ್ತಿದ್ದ ಸಂತೆಯಿಂದ ಜನರನ್ನು ಎಳೆಯಲು ನೋಡಿತು. ಕೊರಿಯಾದಲ್ಲಿ ಹಳೆಯ ಸಂತೆಯೇ ಎದ್ದುಹೋಗಿತ್ತು. ಎಲ್ಲರೂ ಒಟ್ಟಿಗೆ ಜಾಗ ಬದಲಿಸಬೇಕಾದ ಅನಿವಾರ್ಯ ಬಂದಾಗ ಹೊಸಬರಿಗೆ ಬಾಗಿಲು ತೆರೆಯುತ್ತದೆ.

ಶೇ. 95ರ ಲೆಕ್ಕ ನಿಜವೇ?

ನಿಜವೇ. 2022ರ ಕೊನೆಯಲ್ಲಿ ಶುರುವಾದ ಕಿಕ್ ಚಂದಾ ಹಣದ ಶೇ. 95ನ್ನು ಸ್ಟ್ರೀಮರ್‌ಗೇ ಕೊಡುತ್ತದೆ. ಟ್ವಿಚ್‌ನಲ್ಲಿ ಬಹುಪಾಲು ಸ್ಟ್ರೀಮರ್‌ಗಳಿಗೆ ಸಿಗುವುದು ಅರ್ಧ. ಆದರೆ ಇದು ಚಂದಾ ಹಣದ ಪಾಲು ಎಂಬುದು ಫಾರ್ವರ್ಡ್‌ಗಳಲ್ಲಿ ಬಿಟ್ಟುಹೋಗುತ್ತದೆ. ಚಂದಾ ಕಟ್ಟುವವರೇ ಇಲ್ಲದಿದ್ದರೆ ಸೊನ್ನೆಯ ಶೇ. 95 ಕೂಡ ಸೊನ್ನೆಯೇ.

ಒಂದು ಸಣ್ಣ ಲೆಕ್ಕ ಮಾಡೋಣ. ನಿಮಗೆ 100 ಚಂದಾದಾರರಿದ್ದಾರೆ, ಒಬ್ಬೊಬ್ಬರದು 100 ರೂಪಾಯಿ ಎಂದಿಟ್ಟುಕೊಳ್ಳಿ. ಅರ್ಧ ಪಾಲು ಎಂದರೆ 5,000 ರೂಪಾಯಿ. ಹೊಸ ಆ್ಯಪ್‌ಗೆ ಹೋದಾಗ ಅವರಲ್ಲಿ 20 ಜನ ಮಾತ್ರ ಬಂದರೆ ಸಿಗುವುದು 1,900. ಮೊದಲಿನಷ್ಟೇ ಗಳಿಸಲು 53 ಜನ ಬರಲೇಬೇಕು. ಅಂದರೆ ಅರ್ಧಕ್ಕಿಂತ ಹೆಚ್ಚು ಜನ ನಿಮ್ಮ ಬೆನ್ನಿಗೆ ಬರುತ್ತಾರೆ ಎಂಬ ಖಾತ್ರಿ ಇದ್ದರಷ್ಟೇ ಇದು ಲಾಭ.

ಆ ದುಡ್ಡು ಎಲ್ಲಿಂದ ಬರುತ್ತದೆ?

ಇದು ಎಲ್ಲಕ್ಕಿಂತ ಮುಖ್ಯ ಪ್ರಶ್ನೆ. 2023ರಲ್ಲಿ ಎಕ್ಸ್‌ಕ್ಯೂಸಿ ಎಂಬ ಸ್ಟ್ರೀಮರ್ ಜೊತೆ ಕಿಕ್ ಮಾಡಿಕೊಂಡ ಎರಡು ವರ್ಷದ ಒಪ್ಪಂದ 10 ಕೋಟಿ ಡಾಲರ್ ವರೆಗೆ ಹೋಗಬಹುದು ಎಂದು ನ್ಯೂಯಾರ್ಕ್ ಟೈಮ್ಸ್ ವರದಿ ಮಾಡಿತ್ತು. ಕಿಕ್‌ನ ಹಿಂದಿರುವ ಎಡ್ ಕ್ರೇವನ್ ಮತ್ತು ಬಿಜನ್ ತೆಹ್ರಾನಿ ಅವರೇ ಸ್ಟೇಕ್ ಎಂಬ ಆನ್‌ಲೈನ್ ಜೂಜು ತಾಣದ ಸ್ಥಾಪಕರು. ಸ್ಟೇಕ್ ಸೇರಿದಂತೆ ಕೆಲವು ಜೂಜು ತಾಣಗಳ ಲೈವ್‌ಗಳನ್ನು ಟ್ವಿಚ್ ನಿಷೇಧಿಸಿದ್ದು 2022ರ ಅಕ್ಟೋಬರ್‌ನಲ್ಲಿ. ಕಿಕ್ ಬಂದದ್ದು ಅದರ ಬೆನ್ನಲ್ಲೇ.

ಮಿಕ್ಸರ್ ಮುಚ್ಚಿದರೂ ಕಿಕ್ ಇನ್ನೂ ನಡೆಯುತ್ತಿರುವುದಕ್ಕೆ ಒಂದು ಕಾರಣ ಇಲ್ಲಿದೆ. ವೇದಿಕೆ ತಾನೇ ಲಾಭ ಮಾಡದಿದ್ದರೂ, ಅದರ ಬೆನ್ನಿಗೆ ಬೇರೊಂದು ವ್ಯಾಪಾರದ ಹಣ ಇರಬಹುದು. ಆ ವ್ಯಾಪಾರ ಯಾವುದು ಎಂದು ಕೇಳುವುದು ನಮ್ಮ ಕೆಲಸ.

ನಮ್ಮಲ್ಲಿ ಇದಕ್ಕೇನು ಸಂಬಂಧ?

ಭಾರತದಲ್ಲಿ ಹಳೆಯ ಹುಲಿ ಟ್ವಿಚ್ ಅಲ್ಲ, ಯೂಟ್ಯೂಬ್. ಅದರ ಎದುರು ಲೋಕೋ, ರೂಟರ್‌ನಂಥ ದೇಶಿ ಆ್ಯಪ್‌ಗಳು ಬಂದಿವೆ. ಇಲ್ಲಿ ಹೆಚ್ಚಿನವರು ಮೊಬೈಲ್‌ನಲ್ಲೇ ಆಡುವುದರಿಂದ ಅವುಗಳಿಗೆ ಜಾಗವೂ ಸಿಕ್ಕಿದೆ. ಆದರೆ ಒಂದೇ ಆಟವನ್ನು ನೆಚ್ಚಿಕೊಂಡರೆ ಅಪಾಯ. ಬಿಜಿಎಂಐ 2022ರ ಜುಲೈನಲ್ಲಿ ಆ್ಯಪ್ ಸ್ಟೋರ್‌ಗಳಿಂದ ಮಾಯವಾಗಿ, ಮರಳಿದ್ದು 2023ರ ಮೇನಲ್ಲಿ. ಅದೊಂದನ್ನೇ ಆಡಿ ತೋರಿಸುತ್ತಿದ್ದವರಿಗೆ ಆ ಹತ್ತು ತಿಂಗಳು ಹೇಗಿತ್ತು ಎಂದು ಊಹಿಸಬಹುದು.

ಇನ್ನೊಂದು ಎಚ್ಚರಿಕೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಜಾಹೀರಾತು ಮಾಡಿದವರಿಗೆ ಅದರಲ್ಲಿ 2 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಇದೆ. ಗೇಮ್ ಆಡಿ ತೋರಿಸುವುದು ತಪ್ಪಲ್ಲ. ಲೈವ್‌ನ ಕೆಳಗೆ ಬೆಟ್ಟಿಂಗ್ ಲಿಂಕ್ ಹಾಕಿಕೊಳ್ಳುವುದು ಬೇರೆ ವಿಷಯ. “ಲಿಂಕ್ ಹಾಕಿ, ದುಡ್ಡು ಕೊಡ್ತೀವಿ” ಎಂದು ಯಾರಾದರೂ ಮೆಸೇಜ್ ಮಾಡಿದರೆ ಹದಿನೆಂಟು ವರ್ಷದ ಹುಡುಗನಿಗೆ ಅದು ಪಾಕೆಟ್ ಮನಿಯಂತೆ ಕಾಣಬಹುದು. ಕಾನೂನು ಅದನ್ನು ಹಾಗೆ ನೋಡುವುದಿಲ್ಲ.

ಫಾರ್ವರ್ಡ್ ಮಾಡುವ ಮುನ್ನ

ಹೊಸ ಆ್ಯಪ್ ಬಂದಾಕ್ಷಣ ಹಳೆಯದು ಮುಳುಗುತ್ತದೆ ಎಂಬುದು ಸರಿಯಲ್ಲ. ಹೊಸದು ಎಂದಿಗೂ ಗೆಲ್ಲದು ಎಂಬುದೂ ಸರಿಯಲ್ಲ. ಇಂಥ ಮೆಸೇಜ್ ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಶೇ. 95 ಎಂದರೆ ಯಾವುದರ ಶೇ. 95? ಆ ಹಣ ಯಾರ ಜೇಬಿನಿಂದ ಬರುತ್ತಿದೆ? ನಾಳೆ ಆ್ಯಪ್ ಮುಚ್ಚಿದರೆ ನಿಮ್ಮ ನೋಡುಗರನ್ನು ಮತ್ತೆ ಸೇರಿಸಲು ಬೇರೆ ದಾರಿ ಇದೆಯೇ? ಮೂರಕ್ಕೂ ಉತ್ತರ ಸಿಕ್ಕರೆ ಹೊಸ ಆ್ಯಪ್‌ನಲ್ಲೂ ಒಂದು ಕೈ ನೋಡಬಹುದು, ಹಳೆಯ ಚಾನೆಲ್ ಮುಚ್ಚದೆ. ಉತ್ತರ ಸಿಗದಿದ್ದರೆ ಆ ಮೆಸೇಜನ್ನು ಗೆಳೆಯರಿಗೆ ಕಳಿಸಬೇಡಿ.