ಸಣ್ಣ ಜಾಗದ ರೈಲುಮಾರ್ಗ: ಮಾದರಿ ರೈಲಿನ ವಿನ್ಯಾಸ ಮತ್ತು ಅದರ ಗಣಿತ

ಭಾರತೀಯ ರೈಲ್ವೆಯ ಎಲ್‌ಎಚ್‌ಬಿ ಎಂಬ ಬಗೆಯ ಇಪ್ಪತ್ತೆರಡು ಕೋಚ್‌ಗಳಿರುವ ಎಕ್ಸ್‌ಪ್ರೆಸ್ ಗಾಡಿಯ ಉದ್ದ, ಇಂಜಿನ್ನನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೂ, ಸುಮಾರು 528 ಮೀಟರ್. ಅದನ್ನು 87ರಲ್ಲಿ ಒಂದು ಪಾಲಿಗೆ ಇಳಿಸಿದರೆ 6 ಮೀಟರಿಗಿಂತ ತುಸು ಹೆಚ್ಚಿನ ಉದ್ದದ ಆಟಿಕೆ ರೈಲು ಸಿಗುತ್ತದೆ. ಮಾದರಿ ರೈಲುಮಾರ್ಗ ಕಟ್ಟಲು ಹೊರಟವರು ಸಾಮಾನ್ಯವಾಗಿ ಮೊದಲು ಕೊಳ್ಳುವುದು 8 ಅಡಿ ಉದ್ದ, 4 ಅಡಿ ಅಗಲದ ಪ್ಲೈವುಡ್ ಹಾಳೆಯನ್ನು. ಅದರ ಅಂಚಿಗೆ ಹೊಂದಿಕೊಂಡಂತೆ ಅಂಡಾಕಾರದಲ್ಲಿ ಹಳಿ ಹಾಸಿದರೆ ಒಂದು ಸುತ್ತಿನ ಉದ್ದ ಸುಮಾರು 5.7 ಮೀಟರ್ ಆಗುತ್ತದೆ. ಅಂದರೆ ಗಾಡಿಯು ಹಳಿಗಿಂತ ಉದ್ದವಾಗಿದ್ದು, ಇಂಜಿನ್ನಿನ ಮೂತಿ ತನ್ನದೇ ಕೊನೆಯ ಕೋಚಿಗೆ ತಾಗುತ್ತದೆ. ನಿಜವಾದ ರೈಲನ್ನು ಹಾಗೆಯೇ ಕುಗ್ಗಿಸಿದರೆ ಅದು ಮನೆಯೊಳಗೆ ಹಿಡಿಯುವುದಿಲ್ಲವೆಂಬ ಈ ಸರಳ ಲೆಕ್ಕದಿಂದಲೇ ಸಣ್ಣ ಜಾಗದ ವಿನ್ಯಾಸಶಾಸ್ತ್ರ ಆರಂಭವಾಗುತ್ತದೆ. ಯಾವುದನ್ನು ಬಿಡಬೇಕು, ಯಾವುದನ್ನು ಪೂರ್ಣವಾಗಿ ಉಳಿಸಿಕೊಳ್ಳಬೇಕು ಎಂಬ ಆಯ್ಕೆಯೇ ಅದರ ತಿರುಳು.

ಈ ಹವ್ಯಾಸದಲ್ಲಿ ಎರಡು ಪದಗಳು ಪದೇ ಪದೇ ಬರುತ್ತವೆ. ನಿಜವಾದ ವಸ್ತುವನ್ನು ಎಷ್ಟು ಪಾಲು ಕುಗ್ಗಿಸಲಾಗಿದೆ ಎಂಬುದು ಸ್ಕೇಲ್; ಎರಡು ಹಳಿಗಳ ಒಳ ಅಂಚುಗಳ ನಡುವಿನ ಅಂತರ ಗೇಜ್. ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಎಚ್‌ಒ ಸ್ಕೇಲ್ 1:87ರದ್ದಾಗಿದ್ದು, ಅದರ ಗೇಜ್ 16.5 ಮಿಲಿಮೀಟರ್, ಯುರೋಪು ಮತ್ತು ಅಮೆರಿಕದ 1435 ಮಿಲಿಮೀಟರ್ ಗೇಜನ್ನು 87ರಿಂದ ಭಾಗಿಸಿದರೆ ಬರುವುದೂ ಇದೇ. ಭಾರತದ ಬ್ರಾಡ್‌ಗೇಜ್ 1676 ಮಿಲಿಮೀಟರ್ ಆದ್ದರಿಂದ ಅದೇ ಸ್ಕೇಲಿನಲ್ಲಿ 19.3 ಮಿಲಿಮೀಟರ್ ಬೇಕಾಗುತ್ತದೆ, ಹೀಗಾಗಿ ಪೇಟೆಯಲ್ಲಿ ಸಿಗುವ ಹಳಿಯ ಮೇಲೆ ಭಾರತೀಯ ಗಾಡಿಗಳನ್ನು ಓಡಿಸುವವರು ಸುಮಾರು 3 ಮಿಲಿಮೀಟರಿನ ರಾಜಿಯನ್ನು ಒಪ್ಪಿಕೊಳ್ಳಬೇಕು. ಇನ್ನೂ ಚಿಕ್ಕದಾದ ಎನ್ ಸ್ಕೇಲ್ 1:160ರದ್ದು, ಅದರ ಗೇಜ್ 9 ಮಿಲಿಮೀಟರ್.

ಜಾಗವನ್ನು ನಿಜವಾಗಿ ನುಂಗುವುದು ಹಳಿಯ ಉದ್ದಕ್ಕಿಂತ ಹೆಚ್ಚಾಗಿ ಅದರ ತಿರುವು. ಭಾರತೀಯ ರೈಲ್ವೆಯ ನಿಯಮದಂತೆ ಬ್ರಾಡ್‌ಗೇಜ್ ಮಾರ್ಗದ ಅತಿ ಬಿಗಿಯಾದ ತಿರುವಿನ ತ್ರಿಜ್ಯವೂ 175 ಮೀಟರಿಗಿಂತ ಕಡಿಮೆ ಇರುವಂತಿಲ್ಲ. ಎಚ್‌ಒ ಸ್ಕೇಲಿನಲ್ಲಿ ಅದು 2 ಮೀಟರ್, ಅಂದರೆ ಗಾಡಿ ಒಂದು ಸುತ್ತು ತಿರುಗಿ ಬರಲು 4 ಮೀಟರಿಗೂ ಹೆಚ್ಚು ಅಗಲದ ಕೋಣೆ ಬೇಕು. ಆದ್ದರಿಂದ ತಯಾರಕರು 36ರಿಂದ 46 ಸೆಂಟಿಮೀಟರ್ ತ್ರಿಜ್ಯದ ಸಿದ್ಧ ತಿರುವುಗಳನ್ನು ಮಾರುತ್ತಾರೆ, ಮತ್ತು ಅವುಗಳ ಮೇಲೆ ಓಡಲೆಂದೇ ಗಾಡಿಗಳ ಚಕ್ರದ ಚೌಕಟ್ಟುಗಳಿಗೆ ನಿಜವಾದ ಗಾಡಿಗಳಿಗಿಂತ ಹೆಚ್ಚು ಹೊರಳುವ ಅವಕಾಶ ಕೊಟ್ಟಿರುತ್ತಾರೆ. ಓಡುವುದು ಸಾಧ್ಯವಾದರೂ ಚೆನ್ನಾಗಿ ಕಾಣುವುದು ಸಾಧ್ಯವಿಲ್ಲ. ತಿರುವಿನ ತ್ರಿಜ್ಯವು ಅತಿ ಉದ್ದದ ಬೋಗಿಯ ಮೂರರಷ್ಟಾದರೂ ಇರಬೇಕು ಎಂಬುದು ಅನುಭವಿಗಳ ನಡುವೆ ಬಳಕೆಯಲ್ಲಿರುವ ಸೂತ್ರ. ಎಲ್‌ಎಚ್‌ಬಿ ಕೋಚ್ ಎಚ್‌ಒದಲ್ಲಿ 27 ಸೆಂಟಿಮೀಟರ್ ಇರುವುದರಿಂದ ಅದಕ್ಕೆ 81 ಸೆಂಟಿಮೀಟರ್ ತ್ರಿಜ್ಯ ಬೇಕಾಗುತ್ತದೆ, ಪ್ಲೈವುಡ್ ಹಾಳೆಯ ಅಗಲಕ್ಕೆ ಅದು ಹಿಡಿಯುವುದೇ ಇಲ್ಲ. ಬಲಕ್ಕೆ ತಿರುಗಿದ ಹಳಿ ಕೂಡಲೇ ಎಡಕ್ಕೆ ತಿರುಗುವ ಕಡೆಗಳಲ್ಲಿ ತೊಂದರೆ ಇನ್ನೂ ಹೆಚ್ಚು: ಅಕ್ಕಪಕ್ಕದ ಎರಡು ಬೋಗಿಗಳ ತುದಿಗಳು ವಿರುದ್ಧ ದಿಕ್ಕಿಗೆ ಹೊರಚಾಚಿ, ನಡುವಿನ ಕೊಂಡಿ ಚಕ್ರಗಳನ್ನು ಹಳಿಯಿಂದ ಪಕ್ಕಕ್ಕೆ ಎಳೆಯುತ್ತದೆ. ಅಂಥಲ್ಲಿ ಎರಡು ತಿರುವುಗಳ ನಡುವೆ ಒಂದು ಬೋಗಿಯಷ್ಟು ಉದ್ದದ ನೇರ ಹಳಿಯನ್ನು ಇಡಲೇಬೇಕು.

ಹಾಗಿದ್ದರೆ ಇನ್ನೂ ಚಿಕ್ಕ ಸ್ಕೇಲಿಗೆ ಹೋಗಬಹುದಲ್ಲವೇ ಎಂಬ ಪ್ರಶ್ನೆ ಸಹಜ. ಎಚ್‌ಒ ಬದಲು ಎನ್ ಸ್ಕೇಲನ್ನು ಆರಿಸಿಕೊಂಡರೆ ಅದೇ ವಿನ್ಯಾಸ ಮೂರರಲ್ಲಿ ಒಂದಕ್ಕಿಂತ ಕಡಿಮೆ ವಿಸ್ತೀರ್ಣದಲ್ಲಿ ಹಿಡಿಯುತ್ತದೆ. ಆದರೆ ಭೌತಶಾಸ್ತ್ರದ ಎಲ್ಲ ಅಂಶಗಳೂ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಉದ್ದ ಎರಡರಲ್ಲಿ ಒಂದಾದರೆ ತೂಕ ಎಂಟರಲ್ಲಿ ಒಂದಾಗುವುದರಿಂದ, ಎನ್ ಸ್ಕೇಲಿನ ಇಂಜಿನ್ ಎಚ್‌ಒ ಇಂಜಿನ್ನಿನ ಸುಮಾರು ಆರರಲ್ಲಿ ಒಂದು ಪಾಲು ಭಾರವಿರುತ್ತದೆ, ಆದರೆ ಹಳಿಯ ಮೇಲೆ ಕೂರುವ ದೂಳಿನ ಕಣ ಚಿಕ್ಕದಾಗುವುದಿಲ್ಲ. ಮಾದರಿ ಇಂಜಿನ್‌ಗಳು ಸಾಮಾನ್ಯವಾಗಿ ತಮಗೆ ಬೇಕಾದ ವಿದ್ಯುತ್ತನ್ನು ಹಳಿಗಳಿಂದಲೇ, ಚಕ್ರಗಳ ಮೂಲಕ ಪಡೆಯುವುದರಿಂದ, ಹಗುರವಾದ ಇಂಜಿನ್ ಸ್ವಲ್ಪ ಕೊಳೆಗೂ ತಡವರಿಸಿ ನಿಂತುಬಿಡುತ್ತದೆ. ವ್ಯಾಗನ್‌ಗಳನ್ನು ಹಿಂದೆ ಮುಂದೆ ಸರಿಸಿ ಜೋಡಿಸಲು ನಿಧಾನವಾಗಿ, ನಿಂತು ನಿಂತು ಚಲಿಸಬೇಕಾದ ಶಂಟಿಂಗ್‌ನಲ್ಲಿ ಇದು ಎದ್ದು ಕಾಣುವ ದೋಷ. ಆದ್ದರಿಂದ ಜಾಗ ಕಡಿಮೆಯಿದೆ ಎಂಬ ಒಂದೇ ಕಾರಣಕ್ಕೆ ಅತಿ ಚಿಕ್ಕ ಸ್ಕೇಲನ್ನು ಆರಿಸುವುದು ಯಾವಾಗಲೂ ಜಾಣತನವಲ್ಲ.

ಇದಕ್ಕಿಂತ ಉತ್ತಮವಾದ ಉಪಾಯ ಸುತ್ತುವ ಹಳಿಯನ್ನೇ ಕೈಬಿಡುವುದು. ಬ್ರಿಟನ್ನಿನ ಅಲನ್ ರೈಟ್ ಎಂಬ ಹವ್ಯಾಸಿ ರೂಪಿಸಿದ ‘ಇಂಗಲ್‌ನುಕ್ ಸೈಡಿಂಗ್ಸ್’ ಎಂಬ ವಿನ್ಯಾಸ ಈ ದಾರಿಯ ಅತ್ಯುತ್ತಮ ಉದಾಹರಣೆ. ಸೈಡಿಂಗ್ ಎಂದರೆ ಮುಖ್ಯಮಾರ್ಗದಿಂದ ಕವಲೊಡೆದು, ವ್ಯಾಗನ್‌ಗಳನ್ನು ನಿಲ್ಲಿಸಲು ಬಳಕೆಯಾಗುವ ಹಳಿ. ಇಂಗಲ್‌ನುಕ್‌ನಲ್ಲಿ ಇರುವುದು ಕೇವಲ ಎರಡು ಪಾಯಿಂಟ್ಸ್, ಅಂದರೆ ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಕವಲುಗಳು, ಮತ್ತು ಅವುಗಳಿಂದ ಹುಟ್ಟುವ ಮೂರು ಸೈಡಿಂಗ್‌ಗಳು. ಒಂದರಲ್ಲಿ ಐದು ವ್ಯಾಗನ್‌ಗಳು, ಉಳಿದೆರಡರಲ್ಲಿ ತಲಾ ಮೂರು ವ್ಯಾಗನ್‌ಗಳು ಹಿಡಿಯುತ್ತವೆ. ಕವಲುಗಳ ಆಚೆ ಇರುವ ಶಂಟಿಂಗ್ ಹಳಿಯಲ್ಲಿ ಇಂಜಿನ್ ಮತ್ತು ಮೂರು ವ್ಯಾಗನ್‌ಗಳಿಗೆ ಮಾತ್ರ ಜಾಗ. ಒಟ್ಟು ಎಂಟು ವ್ಯಾಗನ್‌ಗಳಿದ್ದು, ಚೀಟಿ ಎತ್ತಿ ಬಂದ ಐದನ್ನು ಚೀಟಿಯ ಅನುಕ್ರಮದಲ್ಲಿಯೇ ಉದ್ದನೆಯ ಸೈಡಿಂಗ್‌ನಲ್ಲಿ ಜೋಡಿಸಿ ನಿಲ್ಲಿಸಬೇಕು. ಎಂಟರಿಂದ ಐದನ್ನು ಕ್ರಮಬದ್ಧವಾಗಿ ಆರಿಸುವ ವಿಧಗಳು 6720. ಹೀಗಾಗಿ ದಿನಕ್ಕೊಂದರಂತೆ ಆಡಿದರೂ ಎಲ್ಲವನ್ನೂ ಮುಗಿಸಲು ಹದಿನೆಂಟು ವರ್ಷಕ್ಕಿಂತ ಹೆಚ್ಚು ಬೇಕಾಗುತ್ತದೆ.

ಈ ಆಟದ ಸೊಗಸು ಅದರ ಇಕ್ಕಟ್ಟಿನಲ್ಲಿಯೇ ಅಡಗಿದೆ. ಮೂರು ಸೈಡಿಂಗ್‌ಗಳಲ್ಲಿ ಹನ್ನೊಂದು ಸ್ಥಾನಗಳಿದ್ದು, ವ್ಯಾಗನ್‌ಗಳು ಎಂಟೇ ಆದ್ದರಿಂದ ಖಾಲಿ ಉಳಿಯುವುದು ಮೂರು ಸ್ಥಾನ; ಇಂಜಿನ್ ಒಮ್ಮೆಗೆ ಎಳೆಯಬಹುದಾದದ್ದೂ ಮೂರು. ಶಂಟಿಂಗ್ ಹಳಿಯನ್ನು ಒಂದು ವ್ಯಾಗನ್ನಿನಷ್ಟು ಹೆಚ್ಚು ಉದ್ದ ಮಾಡಿದರೂ ಒಗಟು ಸಡಿಲವಾಗುತ್ತದೆ, ಒಂದರಷ್ಟು ಕಡಿಮೆ ಮಾಡಿದರೆ ಆಟ ಬೇಸರ ಹುಟ್ಟಿಸುವಷ್ಟು ಲಂಬಿಸುತ್ತದೆ. ಒಂದೇ ಕಡೆ ಬಾಯಿರುವ ಸೈಡಿಂಗ್‌ನಿಂದ ಕೊನೆಗೆ ಒಳಹೋದ ವ್ಯಾಗನ್ನೇ ಮೊದಲು ಹೊರಬರಬೇಕಾಗುತ್ತದೆ. ಕಂಪ್ಯೂಟರ್ ವಿಜ್ಞಾನದಲ್ಲಿ ‘ಸ್ಟ್ಯಾಕ್’ ಎಂದು ಕರೆಯುವ ದತ್ತಾಂಶ ವ್ಯವಸ್ಥೆಯ ನಿಯಮವೂ ಇದೇ. ಡಚ್ ವಿಜ್ಞಾನಿ ಎಡ್ಸ್‌ಖರ್ ಡೈಕ್‌ಸ್ಟ್ರಾ 1961ರಲ್ಲಿ ಗಣಿತದ ವಾಕ್ಯಗಳನ್ನು ಕಂಪ್ಯೂಟರಿಗೆ ಅರ್ಥವಾಗುವ ಕ್ರಮಕ್ಕೆ ತರುವ ವಿಧಾನವೊಂದನ್ನು ವಿವರಿಸಿದಾಗ ಅದಕ್ಕೆ ಶಂಟಿಂಗ್ ಯಾರ್ಡ್‌ನ ಹೆಸರೇ ಅಂಟಿಕೊಂಡಿತು, ಮತ್ತು ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ 1968ರಲ್ಲಿ ಪ್ರಕಟವಾದ ತಮ್ಮ ಗ್ರಂಥದ ಮೊದಲ ಸಂಪುಟದಲ್ಲಿ ಸ್ಟ್ಯಾಕನ್ನು ರೈಲುಹಳಿಯ ಚಿತ್ರದ ಮೂಲಕವೇ ಪರಿಚಯಿಸಿದರು. ಬ್ರಿಟನ್ನಿನ ನಾಲ್ಕು ಚಕ್ರದ ಪುಟ್ಟ ವ್ಯಾಗನ್‌ಗಳನ್ನು ಬಳಸಿದರೆ ಇಂಗಲ್‌ನುಕ್ ನಾಲ್ಕೈದು ಅಡಿ ಉದ್ದ, ಒಂದಡಿ ಅಗಲದ ಹಲಗೆಯಲ್ಲಿ, ಅಂದರೆ ಪುಸ್ತಕದ ಕಪಾಟಿನ ಮೇಲ್ಭಾಗದಲ್ಲಿ, ಹಿಡಿಯುತ್ತದೆ. ನಮ್ಮ ಬಾಕ್ಸ್‌ಎನ್ ವ್ಯಾಗನ್ ಎಚ್‌ಒದಲ್ಲಿ 12 ಸೆಂಟಿಮೀಟರ್ ಉದ್ದವಿರುವುದರಿಂದ ಅದಕ್ಕೆ ಒಂದೂವರೆ ಮೀಟರಿನ ಸುತ್ತಮುತ್ತ ಬೇಕಾದೀತು. ಆಗಲೂ ಅದು ಹಾಸಿಗೆಗಿಂತ ಚಿಕ್ಕದು.

ಪ್ರಯಾಣಿಕರ ಗಾಡಿಯನ್ನೇ ಇಷ್ಟಪಡುವವರಿಗಾಗಿ ಬ್ರಿಟನ್ನಿನ ವಿನ್ಯಾಸಕಾರ ಸಿರಿಲ್ ಫ್ರೀಝರ್ 1957ರಲ್ಲಿ ‘ಮೈನರೀಸ್’ ಎಂಬ ನಿಲ್ದಾಣದ ನಕ್ಷೆಯನ್ನು ಪ್ರಕಟಿಸಿದರು. ಜೋಡಿಮಾರ್ಗದ, ಮೂರು ಪ್ಲಾಟ್‌ಫಾರ್ಮ್‌ಗಳ ನಗರ ನಿಲ್ದಾಣವೊಂದು ಸುಮಾರು ಏಳು ಅಡಿಯಲ್ಲಿ ಅಡಕವಾಗಿರುವ ಆ ನಕ್ಷೆಯನ್ನು ಬ್ರಿಟನ್ನಿನ ಹವ್ಯಾಸಿಗಳು ಇಂದಿಗೂ ಬಗೆಬಗೆಯಾಗಿ ಮರುಕಟ್ಟುತ್ತಾರೆ. ನಿಲ್ದಾಣ ಬಿಟ್ಟ ಗಾಡಿ ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಉತ್ತರ, ಹಿನ್ನೆಲೆಯ ಗೋಡೆಯಾಚೆ ಅಡಗಿರುವ ಗುಪ್ತ ಯಾರ್ಡ್. ಮೇಲುಸೇತುವೆಯ ಅಡಿಯಲ್ಲಿ ಮರೆಯಾಗುವ ಗಾಡಿ ಅಲ್ಲಿ ನಿಂತು, ಸ್ವಲ್ಪ ಹೊತ್ತಿನ ಬಳಿಕ ಬೇರೊಂದು ಊರಿನಿಂದ ಬಂದ ಗಾಡಿಯಾಗಿ ಹಿಂದಿರುಗುತ್ತದೆ. ಗುಪ್ತ ಯಾರ್ಡಿನಲ್ಲಿ ಪಾಯಿಂಟ್ಸ್ ಹಾಕಿದರೆ ಉದ್ದವೆಲ್ಲ ಅವಕ್ಕೇ ಹೋಗುವುದರಿಂದ, ಹಲವು ಹಳಿಗಳನ್ನು ಹೊತ್ತ ಹಲಗೆಯನ್ನೇ ಅಡ್ಡಡ್ಡಲಾಗಿ ಸರಿಸುವ ವ್ಯವಸ್ಥೆ ಇಕ್ಕಟ್ಟಿನಲ್ಲಿ ಹೆಚ್ಚು ಉಪಯುಕ್ತ.

ಕಣ್ಣಿಗೆ ವಿಸ್ತಾರದ ಭಾವನೆ ಬರಿಸುವ ಉಪಾಯಗಳನ್ನೂ ಮರೆಯುವಂತಿಲ್ಲ. ಹಳಿಯನ್ನು ಹಲಗೆಯ ಅಂಚಿಗೆ ಸಮಾನಾಂತರವಾಗಿ ಹಾಸದೆ ತುಸು ಓರೆಯಾಗಿ ಹಾಸಿದರೆ ಅಂಚು ಕಣ್ಣಿಗೆ ಹೊಡೆಯುವುದಿಲ್ಲ. ಹಿಂಬದಿಯ ಕಟ್ಟಡಗಳನ್ನು ಮುಂಭಾಗದ ಎರಡು ಮೂರು ಸೆಂಟಿಮೀಟರ್ ದಪ್ಪಕ್ಕೆ ಮಾತ್ರ ಕಟ್ಟಿ ಹಿನ್ನೆಲೆಗೆ ಅಂಟಿಸಿದರೆ ಸಾಕು. ಎತ್ತರದ ಗೋದಾಮನ್ನು ಹಲಗೆಯ ನಡುವೆ ನಿಲ್ಲಿಸಿ ನೋಟವನ್ನು ಎರಡಾಗಿ ಒಡೆದರೆ, ಒಂದೇ ನೋಟಕ್ಕೆ ಎಲ್ಲವೂ ಕಾಣದೆ ಜಾಗ ದೊಡ್ಡದೆನಿಸುತ್ತದೆ. ಹಲಗೆಯ ಅಗಲ ಮಾತ್ರ 75 ಸೆಂಟಿಮೀಟರ್ ಮೀರಬಾರದು, ಏಕೆಂದರೆ ಹಳಿ ತಪ್ಪಿದ ವ್ಯಾಗನ್ನನ್ನು ಎತ್ತಿಡಲು ಕೈ ಅದಕ್ಕಿಂತ ದೂರ ಚಾಚುವುದಿಲ್ಲ.

ಸಣ್ಣ ಜಾಗಕ್ಕೆ ಯಾವ ರಾಜಿಯೂ ಇಲ್ಲದೆ ಒಗ್ಗುವ ರೈಲೂ ಒಂದಿದೆ, ಅದು ನ್ಯಾರೋಗೇಜ್. ಭಾರತೀಯ ರೈಲ್ವೆ ನ್ಯಾರೋಗೇಜ್ ಮಾರ್ಗಗಳಿಗೆ 44 ಮೀಟರ್ ತ್ರಿಜ್ಯದ ತಿರುವನ್ನು ಅನುಮತಿಸುತ್ತದೆ. ಎಚ್‌ಒದಲ್ಲಿ ಅದು 51 ಸೆಂಟಿಮೀಟರ್, ಅಂದರೆ ನಿಜವಾದ ಅಳತೆಯೇ ಪ್ಲೈವುಡ್ ಹಾಳೆಯ ಅಗಲದೊಳಗೆ ಹಿಡಿಯುತ್ತದೆ. ಕಾಲ್ಕಾ–ಶಿಮ್ಲಾ ಮಾರ್ಗದ 762 ಮಿಲಿಮೀಟರ್ ಗೇಜ್ ಈ ಸ್ಕೇಲಿನಲ್ಲಿ 8.8 ಮಿಲಿಮೀಟರ್ ಆಗುವುದರಿಂದ, ಎನ್ ಸ್ಕೇಲಿನ 9 ಮಿಲಿಮೀಟರ್ ಹಳಿಯನ್ನೂ ಅದರ ಇಂಜಿನ್ನಿನ ಯಂತ್ರಭಾಗವನ್ನೂ ಬಳಸಿ, ಮೇಲಿನ ಕವಚವನ್ನು ಮಾತ್ರ 1:87ರಲ್ಲಿ ಕಟ್ಟಿಕೊಳ್ಳಬಹುದು. ಗಾಡಿಯಲ್ಲಿ ನಾಲ್ಕೈದು ಪುಟ್ಟ ಬೋಗಿಗಳಿದ್ದರೆ ನಿಜಕ್ಕೆ ಕುಂದಿಲ್ಲ.

ಯಲಹಂಕದಿಂದ ಚಿಕ್ಕಬಳ್ಳಾಪುರ, ಕೋಲಾರಗಳ ಮೂಲಕ ಬಂಗಾರಪೇಟೆಗೆ ಹೋಗುವ ಮಾರ್ಗವೂ ಹಿಂದೆ ಇದೇ 762 ಮಿಲಿಮೀಟರ್ ಗೇಜಿನದಾಗಿತ್ತು. ಈಗ ಅದು ಬ್ರಾಡ್‌ಗೇಜ್ ಆಗಿದೆ. ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್‌ನಂಥ ಅಲ್ಲಿನ ಚಿಕ್ಕ ನಿಲ್ದಾಣಗಳು ಒಂದು ಕಟ್ಟಡ ಮತ್ತು ಒಂದೆರಡು ಹಳಿಗಳಿಗೆ ಸೀಮಿತವಾದವು, ಹಿನ್ನೆಲೆಗೆ ನಂದಿಬೆಟ್ಟವಿದೆ. ಮಾದರಿ ರೈಲಿನ ನಕ್ಷೆಗಾಗಿ ವಿದೇಶದ ನಿಲ್ದಾಣಗಳನ್ನೇ ಹುಡುಕುವ ಕನ್ನಡದ ಹವ್ಯಾಸಿಗಳು ಅಳತೆಪಟ್ಟಿಯನ್ನೂ ಕ್ಯಾಮೆರಾವನ್ನೂ ಹಿಡಿದು ಮೊದಲು ಈ ನಿಲ್ದಾಣಗಳಿಗೆ ಹೋಗಬೇಕು, ಹಳೆಯ ಕಟ್ಟಡಗಳು ನಿಂತಿರುವಾಗಲೇ ಅವುಗಳ ಬಾಗಿಲು, ಕಿಟಕಿ, ಮಾಡಿನ ಇಳಿಜಾರುಗಳನ್ನು ಅಳೆದು ಬರೆದಿಟ್ಟುಕೊಳ್ಳಬೇಕು.